ಐಡಿ ಕಾರ್ಡನ್ನು ಓದುವವರು ಯಾರು?

ಶಾಲೆಯಿಂದಲೋ ಸಹಕಾರಿ ಬ್ಯಾಂಕಿನಿಂದಲೋ ಐಡಿ ಕಾರ್ಡ್ ಮಾಡಿಸಲು ಬರುವವರು ಮೊದಲು ಕೇಳುವುದು ರೇಟು. ಆಮೇಲೆ ಡಿಸೈನು. ಕಾಸರಗೋಡು ಪೇಟೆಯಲ್ಲಿ 18 ವರ್ಷಗಳಿಂದ ಇದೇ ಕೆಲಸ ಮಾಡಿಕೊಂಡಿರುವ ನಾನು ಅವರನ್ನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಈ ಕಾರ್ಡನ್ನು ಓದುವವರು ಯಾರು?

ಹೆಚ್ಚಿನವರಿಗೆ ಇದು ವಿಚಿತ್ರ ಅನಿಸುತ್ತದೆ. ಆದರೆ ಯೋಚನೆ ಮಾಡಿ ನೋಡಿ. ಹೆಡ್‌ಮಾಸ್ಟರಿಗೆ ತಮ್ಮ ಮಕ್ಕಳ ಪರಿಚಯ ಉಂಟು. ಮ್ಯಾನೇಜರಿಗೆ ತಮ್ಮ ಸಿಬ್ಬಂದಿಯ ಪರಿಚಯ ಉಂಟು. ಅವರಿಗೆ ಕಾರ್ಡ್ ಬೇಡ. ಕಾರ್ಡ್ ಬೇಕಾಗುವುದು ನಮ್ಮನ್ನು ಯಾವತ್ತೂ ನೋಡದವರಿಗೆ. ಕನ್ಸೆಷನ್ ಕೊಡಬೇಕಾದ ಬಸ್ ಕಂಡಕ್ಟರಿಗೆ, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ವಾಚ್‌ಮನ್‌ಗೆ, ರೈಲಿನ ಟಿಟಿಇಗೆ, ರಾತ್ರಿ ಹನ್ನೊಂದಕ್ಕೆ ಕ್ಯಾಶುವಲ್ಟಿಯಲ್ಲಿರುವ ಡಾಕ್ಟರಿಗೆ. ಅವರ ಕೈಯಲ್ಲಿ ಕಾರ್ಡ್ ಇರುವುದು ಹೆಚ್ಚೆಂದರೆ ಐದು ಸೆಕೆಂಡು. ಅಷ್ಟರಲ್ಲಿ ಅದು ಹೇಳಬೇಕಾದ್ದನ್ನು ಹೇಳಿ ಮುಗಿಸಬೇಕು.

ನನಗೆ ಇದು ತಡವಾಗಿ ಅರ್ಥವಾಯಿತು. ಸುಮಾರು ವರ್ಷಗಳ ಹಿಂದೆ ಒಂದು ಶಾಲೆಗೆ ಕಾರ್ಡ್ ಮಾಡಿಕೊಟ್ಟಿದ್ದೆ. ದೊಡ್ಡ ಲೋಗೋ, ಮೂರು ಬಣ್ಣದಲ್ಲಿ ಶಾಲೆಯ ಹೆಸರು, ಹಿಂದುಗಡೆ ಆಫೀಸಿನ ಲ್ಯಾಂಡ್‌ಲೈನ್ ನಂಬರು. ಎಲ್ಲರೂ ಮೆಚ್ಚಿದರು. ಒಂದು ಶನಿವಾರ ಸಂಜೆ ಆ ಶಾಲೆಯ ಆರನೇ ಕ್ಲಾಸಿನ ಹುಡುಗ ಬಸ್‌ಸ್ಟ್ಯಾಂಡಿನಲ್ಲಿ ತಲೆತಿರುಗಿ ಬಿದ್ದ. ಪಕ್ಕದ ಅಂಗಡಿಯವರು ಅವನ ಕೊರಳಲ್ಲಿದ್ದ ಕಾರ್ಡ್ ನೋಡಿ ಆ ನಂಬರಿಗೆ ಮತ್ತೆ ಮತ್ತೆ ಫೋನ್ ಮಾಡಿದರು. ಬೀಗ ಹಾಕಿದ ಆಫೀಸಿನಲ್ಲಿ ಫೋನ್ ಸುಮ್ನೆ ರಿಂಗಾಗುತ್ತಲೇ ಇತ್ತು. ಕೊನೆಗೆ ಅವನ ಊರಿನ ಆಟೋದವರೊಬ್ಬರು ಗುರುತು ಹಿಡಿದು ಮನೆಗೆ ತಿಳಿಸಿದರು. ಹುಡುಗನಿಗೆ ಏನೂ ಆಗಲಿಲ್ಲ. ಆದರೆ ಆ ಕಾರ್ಡ್ ಮಾಡಿದ್ದು ನಾನು. ಅಂದಿನಿಂದ, ಮನೆಯವರ ಮೊಬೈಲ್ ನಂಬರ್ ಇಲ್ಲದ ಮಕ್ಕಳ ಕಾರ್ಡ್ ನಮ್ಮ ಅಂಗಡಿಯಿಂದ ಹೊರಗೆ ಹೋಗುವುದಿಲ್ಲ.

2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣಕ್ಕೆ ಕೇರಳ-ಕರ್ನಾಟಕ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಇದೇ ಮಾತು ಇನ್ನೊಂದು ರೀತಿಯಲ್ಲಿ ಎದುರಾಯಿತು. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯಿಂದ ದಿನಾ ಮಂಗಳೂರಿಗೆ ಹೋಗಿ ಕೆಲಸ ಮಾಡುವವರು ಎಷ್ಟೋ ಜನ. ಆಮೇಲೆ ಪಾಸು, ತಪಾಸಣೆ ಅಂತ ಶುರುವಾದಾಗ ನಮ್ಮಲ್ಲಿಗೆ ಬಂದವರು ಲೋಗೋ ಬಗ್ಗೆ ಮಾತೇ ಎತ್ತಲಿಲ್ಲ. ಫೋಟೋ ದೊಡ್ಡದಿರಲಿ, ಮಾಡುವ ಕೆಲಸ ಏನೆಂದು ಸ್ಪಷ್ಟ ಬರೆಯಿರಿ, ಎಲ್ಲಿವರೆಗೆ ಚಾಲ್ತಿ ಅಂತ ತಾರೀಕು ಹಾಕಿ ಎಂದರು. ಗಡಿಯಲ್ಲಿ ನಿಂತ ಪೊಲೀಸರಿಗೆ ಬೇಕಾದ್ದು ಆ ಮೂರೇ.

ಕಾರ್ಡಿನ ಅಳತೆ ನಮ್ಮ ಕೈಯಲ್ಲಿಲ್ಲ. ಎಟಿಎಂ ಕಾರ್ಡ್, ಆಫೀಸ್ ಕಾರ್ಡ್ ಎಲ್ಲಕ್ಕೂ ಒಂದೇ ಅಂತಾರಾಷ್ಟ್ರೀಯ ಅಳತೆ: 85.6 ಮಿಲಿಮೀಟರ್ ಉದ್ದ, 54ಕ್ಕೆ ಕೂದಲೆಳೆ ಕಡಿಮೆ ಅಗಲ, 0.76 ದಪ್ಪ. ಇಷ್ಟು ಜಾಗದಲ್ಲಿ ಕಮಿಟಿಯವರಿಗೆ ಕಟ್ಟಡದ ಚಿತ್ರವೂ ಬೇಕು, ಧ್ಯೇಯವಾಕ್ಯವೂ ಬೇಕು. ನಾನು ಮೊದಲು ಫೋಟೋಗೆ 25 ಮಿಲಿಮೀಟರ್ ಅಗಲ, 32 ಎತ್ತರ ಬಿಟ್ಟುಬಿಡುತ್ತೇನೆ. ಆಮೇಲೆ ಹೆಸರು. ಕೈ ಚಾಚಿ ಹಿಡಿದರೂ ಓದಲು ಬರಬೇಕು. ಉಳಿದ ಜಾಗ ಉಳಿದದ್ದಕ್ಕೆ.

ಹೆಸರಿನ ವಿಷಯ ಬಂದರೆ ನಮ್ಮ ಜಿಲ್ಲೆಯಲ್ಲಿ ಅದೇ ಒಂದು ದೊಡ್ಡ ಕೆಲಸ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡದಲ್ಲಿ ಕುಂಬಳೆ, ಮಲಯಾಳದಲ್ಲಿ ಕುಂಬಳ. ಕನ್ನಡದಲ್ಲಿ ಮಂಜೇಶ್ವರ, ಮಲಯಾಳದಲ್ಲಿ ಮಂಜೇಶ್ವರಂ. ಕಾಸರಗೋಡನ್ನೇ ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು 'ಎ' ಹಾಕುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಊರಿನ ಕಥೆಯೇ ಹೀಗಾದರೆ ಜನರದ್ದು ಕೇಳುವುದೇ ಬೇಡ. ಆಯಿಷಾ ಎಂಬ ಹೆಸರಿಗೆ ಒಂದೇ ಕ್ಲಾಸಿನಲ್ಲಿ ಮೂರು ಸ್ಪೆಲ್ಲಿಂಗ್ ನೋಡಿದ್ದೇನೆ. ಇನಿಷಿಯಲ್ ಒಬ್ಬರಿಗೆ ತಂದೆಯ ಹೆಸರು, ಇನ್ನೊಬ್ಬರಿಗೆ ಮನೆತನದ ಹೆಸರು, ಮತ್ತೊಬ್ಬರಿಗೆ ಊರು. ಶಾಲೆಯಾದರೆ ಅಡ್ಮಿಷನ್ ರಿಜಿಸ್ಟರ್, ಆಫೀಸಾದರೆ ಸರ್ವಿಸ್ ದಾಖಲೆ. ಅದರಲ್ಲಿ ಹೇಗೆ ಉಂಟೋ ಇಂಗ್ಲಿಷಿನಲ್ಲಿ ಹಾಗೆಯೇ ಹೋಗಬೇಕು. ಚಂದ ಕಾಣಲಿ ಅಂತ ಒಂದಕ್ಷರವನ್ನೂ ನಾವು ತಿದ್ದಬಾರದು. ರಿಸರ್ವೇಷನ್ ಟಿಕೆಟಿನ ರೈಲು ಪ್ರಯಾಣದಲ್ಲಿ ಮಾನ್ಯತೆ ಇರುವ ಶಾಲೆ ಕಾಲೇಜಿನ ಫೋಟೋ ಇರುವ ಕಾರ್ಡ್ ಗುರುತಿನ ದಾಖಲೆಯಾಗಿ ನಡೆಯುತ್ತದೆ. ಟಿಕೆಟಿನಲ್ಲಿ ಒಂದು ಹೆಸರು, ಕಾರ್ಡಿನಲ್ಲಿ ಇನ್ನೊಂದಿದ್ದರೆ ಮಗು ತಲೆತಗ್ಗಿಸಿ ನಿಲ್ಲಬೇಕಾಗುತ್ತದೆ.

ಇಂಗ್ಲಿಷಿನ ಕೆಳಗೆ, ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲಿ ಹೆಸರು ಇರಲೇಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಅದು ಮಗು ತನ್ನ ಪುಸ್ತಕದ ಮೇಲೆ ಬರೆಯುವ ಹೆಸರು. ಬೇರೆ ಊರಿನಲ್ಲಿ ಪ್ರಿಂಟ್ ಮಾಡಿಸಿದರೆ ಇಲ್ಲೇ ಎಡವಟ್ಟಾಗುವುದು. ಪಟ್ಟಿಯನ್ನು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಏನೇನೋ ಗುರುತುಗಳು ಕಾಣುತ್ತವೆ. ಯುನಿಕೋಡಿನಲ್ಲಿ ಕಳಿಸಿದರೂ ಹಳೆಯ ಡಿಸೈನ್ ಸಾಫ್ಟ್‌ವೇರ್ ಒತ್ತಕ್ಷರ ಕೂಡಿಸುವುದಿಲ್ಲ. 'ಪ್ರಜ್ಞಾ' ಎಂಬ ಹುಡುಗಿಗೆ 'ಪ್‌ರಜ್‌ಞಾ' ಅಂತ ಅಚ್ಚಾದ ಕಾರ್ಡನ್ನು ಅವಳ ಅಜ್ಜಿ ತಂದು ನನ್ನ ಮೇಜಿನ ಮೇಲಿಟ್ಟು, "ಇದು ನಮ್ಮ ಮಗುವಿನ ಹೆಸರಾ ಮಾರಾಯ್ರೆ?" ಎಂದು ಕೇಳಿದ್ದರು. ಆ ಕಾರ್ಡ್ ನಮ್ಮದಲ್ಲ. ಆದರೂ ಅವತ್ತೇ ಹೊಸತು ಮಾಡಿಕೊಟ್ಟೆ. ನಿಮ್ಮ ಪಟ್ಟಿಯಲ್ಲಿ ಕೃಷ್ಣ, ಸೂರ್ಯ, ಪ್ರಜ್ಞಾ, ಲಕ್ಷ್ಮೀ ಇದ್ದರೆ ಮೊದಲು ಆ ನಾಲ್ಕು ಕಾರ್ಡಿನ ಸ್ಯಾಂಪಲ್ ಕೇಳಿ. ಅದು ಸರಿ ಬಂದರೆ ಉಳಿದದ್ದೂ ಬಹುಮಟ್ಟಿಗೆ ಸರಿ ಬರುತ್ತದೆ.

ಇನ್ನು ಫೋಟೋ. ವಾಟ್ಸಾಪಿನಲ್ಲಿ ಫೋಟೋ ಕಳಿಸಿದರೆ ಅದು ಕುಗ್ಗಿ ಬರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಕಾರ್ಡ್ ಪ್ರಿಂಟರುಗಳು ಸಾಮಾನ್ಯವಾಗಿ ಇಂಚಿಗೆ 300 ಚುಕ್ಕೆ ಹಾಕುತ್ತವೆ. ನಾನು ಹೇಳಿದ ಅಳತೆಗೆ ಮುಖದ ಭಾಗವೇ ಸುಮಾರು 300ಕ್ಕೆ 380 ಪಿಕ್ಸೆಲ್ ಇರಬೇಕು. ಗ್ರೂಪ್ ಫೋಟೋದಿಂದ ಕತ್ತರಿಸಿದ ಮುಖಕ್ಕೆ ಅಷ್ಟು ಇರುವುದಿಲ್ಲ. ಒಳ್ಳೆಯ ಸ್ಟುಡಿಯೋ ಬೇಕೆಂದೇನೂ ಇಲ್ಲ. ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ, ಬಿಸಿಲು ನೇರ ಬೀಳದ ಕಡೆ, ತಿಳಿ ಬಣ್ಣದ ಗೋಡೆಯಿಂದ ಎರಡು ಹೆಜ್ಜೆ ಮುಂದೆ ನಿಲ್ಲಿಸಿ. ಮೊಬೈಲ್ ಮಗುವಿನ ಕಣ್ಣಿನ ಮಟ್ಟಕ್ಕೆ ಇರಲಿ. ಸಣ್ಣ ಮಕ್ಕಳನ್ನು ಮೇಲಿನಿಂದ ತೆಗೆದರೆ ಹಣೆಯೇ ಜಾಸ್ತಿ ಕಾಣುತ್ತದೆ. ಮುಖದ ಬಣ್ಣ ಬೆಳ್ಳಗೆ ಮಾಡಿ ಅಂತ ಕೇಳುವವರಿದ್ದಾರೆ. ನಾನು ಮಾಡುವುದಿಲ್ಲ. ಮುಖ ಬದಲಾದ ಮೇಲೆ ಅದು ಗುರುತಿನ ಕಾರ್ಡ್ ಹೇಗಾಗುತ್ತದೆ?

ಫೋಟೋ ಫೈಲಿಗೆ ಮಗುವಿನ ಹೆಸರಿಡಬೇಡಿ, ಅಡ್ಮಿಷನ್ ನಂಬರ್ ಇಡಿ. ಒಂದೇ ಹೆಸರಿನ ಇಬ್ಬರು ಮಕ್ಕಳು ಪ್ರತಿ ಶಾಲೆಯಲ್ಲೂ ಇರುತ್ತಾರೆ. ಎಕ್ಸೆಲ್ ಪಟ್ಟಿಯ ಬಗ್ಗೆಯೂ ಒಂದು ಮಾತು. ಒಮ್ಮೆ ಯಾರೋ ಹೆಸರಿನ ಕಾಲಂ ಒಂದನ್ನೇ ಅಕ್ಷರ ಕ್ರಮಕ್ಕೆ ಸಾರ್ಟ್ ಮಾಡಿ ನಮಗೆ ಕಳಿಸಿದ್ದರು. ಹೆಸರುಗಳೆಲ್ಲ ಜಾಗ ಬದಲಿಸಿದವು, ಫೋನ್ ನಂಬರು, ರಕ್ತದ ಗುಂಪು ಇದ್ದಲ್ಲೇ ಇದ್ದವು. 300ಕ್ಕೂ ಹೆಚ್ಚು ಕಾರ್ಡ್, ನೋಡಲು ಒಂದೂ ತಪ್ಪಿಲ್ಲ. ಒಬ್ಬರು ಟೀಚರ್ ತಮ್ಮ ಮಗಳ ಕಾರ್ಡಿನಲ್ಲಿ ಬೇರೆಯವರ ನಂಬರ್ ಕಂಡದ್ದರಿಂದ ಗೊತ್ತಾಯಿತು. ಅಂದಿನಿಂದ ಪ್ರಿಂಟ್ ಹಾಕುವ ಮೊದಲು ಕಾಗದದಲ್ಲಿ ತೆಗೆದು ಕ್ಲಾಸಿಗೆ ಕಳಿಸುತ್ತೇವೆ. ಪ್ರತಿ ಮಗುವಿನ ಮನೆಯವರು ನೋಡಿ ಸಹಿ ಹಾಕಿದ ಮೇಲೆಯೇ ಪ್ಲಾಸ್ಟಿಕ್. ಒಂದು ವಾರ ತಡವಾಗುತ್ತದೆ, ಆಗಲಿ.

ರಕ್ತದ ಗುಂಪಿನ ಬಗ್ಗೆ ನನಗೆ ತುಂಬಾ ಹೆದರಿಕೆ. ಗೊತ್ತಿಲ್ಲದಿದ್ದರೆ 'ಓ ಪಾಸಿಟಿವ್' ಅಂತ ಬರೆದುಬಿಡುವ ಅಭ್ಯಾಸ ಎಲ್ಲ ಕಡೆ ಉಂಟು. ಆಸ್ಪತ್ರೆಯವರು ಕಾರ್ಡ್ ನಂಬಿ ರಕ್ತ ಕೊಡುವುದಿಲ್ಲ, ಪರೀಕ್ಷೆ ಮಾಡಿ, ರೋಗಿಯ ರಕ್ತಕ್ಕೆ ಹೊಂದುತ್ತದಾ ಅಂತ ಕ್ರಾಸ್ ಮ್ಯಾಚ್ ಮಾಡಿಯೇ ಕೊಡುತ್ತಾರೆ. ಆದರೆ ರಕ್ತ ಬೇಕಾಗಿದೆ ಅಂತ ಜನ ಓಡಾಡುವಾಗ ತಪ್ಪು ಗುಂಪಿನ ದಾನಿಗಳನ್ನು ಹುಡುಕುತ್ತಾ ಹೊತ್ತು ಹೋಗುತ್ತದೆ. ಲ್ಯಾಬ್ ರಿಪೋರ್ಟ್ ನೋಡಿದ್ದರೆ ಬರೆಯಿರಿ. ಇಲ್ಲವಾದರೆ ಆ ಜಾಗ ಖಾಲಿ ಬಿಡಿ.

ಪ್ರಿಂಟಿಂಗಿನಲ್ಲಿ ನಮ್ಮ ಕಡೆ ಮೂರು ದಾರಿ. ಕಾಗದಕ್ಕೆ ಲ್ಯಾಮಿನೇಷನ್ ಹಾಕುವುದು ಹಳೆಯದು, ಅಗ್ಗ. ಕೊರಳಿಗೆ ಹಾಕುವ ಪಟ್ಟಿಯ, ಅಂದರೆ ಟ್ಯಾಗಿನ, ತೂತನ್ನು ಕಾಗದದ ಮೇಲೆಯೇ ಪಂಚ್ ಮಾಡಿದರೆ ಆಟಿ ತಿಂಗಳ ಮಳೆಗೆ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ, ಎರಡು ವಾರದಲ್ಲಿ ಮುಖವೇ ಕರಗಿರುತ್ತದೆ. ಮೇಲುಗಡೆ ಬರೀ ಪ್ಲಾಸ್ಟಿಕ್ಕಿನ ಅಂಚು ಬಿಟ್ಟು ಅಲ್ಲಿ ತೂತು ಮಾಡಬೇಕು. ಎರಡನೆಯದು ಇಂಕ್‌ಜೆಟ್‌ನಲ್ಲಿ ಪಿವಿಸಿ ಹಾಳೆಗೆ ಪ್ರಿಂಟ್ ಹಾಕಿ, ಮೇಲೆ ಕೆಳಗೆ ಪದರ ಇಟ್ಟು, ಫ್ಯೂಸಿಂಗ್ ಮಶೀನಿನಲ್ಲಿ ಬಿಸಿ ಮಾಡಿ ಒತ್ತುವುದು. ಬಿಸಿ ಕಡಿಮೆಯಾದರೆ ಮೂಲೆ ಬಿಟ್ಟುಕೊಳ್ಳುತ್ತದೆ. ಮೂರನೆಯದು ಕಾರ್ಡ್ ಪ್ರಿಂಟರ್. ಅದರ ರಿಬ್ಬನ್ನಿನಲ್ಲಿ ಹಳದಿ, ಮೆಜೆಂತಾ, ಸಯಾನ್, ಕಪ್ಪು, ಕೊನೆಗೆ ಮೇಲೆ ರಕ್ಷಣೆಗೆ ಕೂರುವ ಬಣ್ಣವಿಲ್ಲದ ಓವರ್‌ಲೇ ಅಂತ ಐದು ತುಂಡು ಸಾಲಾಗಿ ಇರುತ್ತವೆ. ಮೊದಲ ಮೂರು ಬಣ್ಣ ಬಿಸಿಗೆ ಆವಿಯಾಗಿ ಕಾರ್ಡಿನೊಳಗೆ ಇಳಿಯುತ್ತವೆ. ಕಾರ್ಡಿನ ಮೇಲೆ ಬೆರಳಿನ ಎಣ್ಣೆ ಅಂಟಿದ್ದರೆ ಅಲ್ಲಿ ಬಣ್ಣ ಸರಿಯಾಗಿ ಕೂರುವುದಿಲ್ಲ. ಧೂಳಿನ ಒಂದು ಕಣ ಬಿದ್ದರೆ ಕೆನ್ನೆಯ ಮೇಲೆ ಬಿಳಿ ಚುಕ್ಕೆ.

ಆ ರಿಬ್ಬನ್ನಿನ ಬಗ್ಗೆ ಸ್ವಂತ ಪ್ರಿಂಟರ್ ಇಟ್ಟುಕೊಂಡ ಸಂಸ್ಥೆಗಳಿಗೆ ಒಂದು ವಿಷಯ ಗೊತ್ತಿರಲೇಬೇಕು. ಮುಗಿದ ರಿಬ್ಬನ್ನನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಕಪ್ಪು ಭಾಗದಲ್ಲಿ ಅಕ್ಷರ ಕಾರ್ಡಿಗೆ ಹೋದ ಜಾಗವೆಲ್ಲ ಖಾಲಿ ಕಾಣುತ್ತದೆ. ಹೆಸರು, ನಂಬರು ಒಂದೊಂದಾಗಿ ಓದಬಹುದು. ಬಣ್ಣದ ಭಾಗದಲ್ಲಿ ಮುಖದ ನೆಗೆಟಿವ್ ಉಳಿದಿರುತ್ತದೆ. ನೂರಾರು ಜನರ ವಿವರ ಇರುವ ಸುರುಳಿಯನ್ನು ಹಾಗೇ ಕಸದ ಬುಟ್ಟಿಗೆ ಹಾಕುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ನಮ್ಮಲ್ಲಿ ಅದನ್ನು ತುಂಡು ತುಂಡು ಮಾಡಿಯೇ ಬಿಸಾಡುತ್ತೇವೆ. ಮಕ್ಕಳ ಕಾರ್ಡಿನಲ್ಲಿ ಆಧಾರ್ ನಂಬರ್ ಹಾಕಿ ಅಂದರೂ ನಾನು ಒಪ್ಪುವುದಿಲ್ಲ. ಕೊರಳಲ್ಲಿ ನೇತಾಡುವ ಜಾಗಕ್ಕೆ ಅದು ಬರಬಾರದು. 2023ರಲ್ಲಿ ಆದ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಅನ್ನುತ್ತದೆ. ಫಾರ್ಮಿನಲ್ಲಿ ಒಂದು ಸಾಲು ಸೇರಿಸಿ ಸಹಿ ತೆಗೆದುಕೊಳ್ಳುವುದು ಕಷ್ಟದ ಕೆಲಸವಲ್ಲ.

ಚಿಪ್ ಬೇಕಾ ಅಂತ ಕೇಳುತ್ತಾರೆ. ಸಣ್ಣ ಶಾಲೆಗೆ ಬೇಡ. ಹಾಜರಿಗಾದರೆ ಕ್ಯೂಆರ್ ಕೋಡ್ ಸಾಕು. ಆದರೆ ಅದರೊಳಗೆ ಬರೀ ಅಡ್ಮಿಷನ್ ನಂಬರ್ ಇಡಿ, ವಿಳಾಸ ಫೋನ್ ಎಲ್ಲ ತುಂಬಬೇಡಿ. ಯಾವ ಮೊಬೈಲಿನಲ್ಲಾದರೂ ಓದಲು ಬರುವ ಕೋಡ್ ಅದು. ದೊಡ್ಡ ಆಫೀಸಿನಲ್ಲಿ ತಾಗಿಸಿ ಬಾಗಿಲು ತೆರೆಯಲು ಹಳೆಯ 125 ಕಿಲೋಹರ್ಟ್ಸ್ ಚಿಪ್ ಕಾರ್ಡ್ ಇನ್ನೂ ಮಾರುತ್ತಾರೆ. ಅದು ತನ್ನ ನಂಬರನ್ನು ಕೇಳಿದ ಯಂತ್ರಕ್ಕೆಲ್ಲ ಹೇಳಿಬಿಡುತ್ತದೆ, ನಕಲು ಮಾಡುವುದು ಸುಲಭ. 13.56 ಮೆಗಾಹರ್ಟ್ಸ್‌ನದ್ದು ಅದಕ್ಕಿಂತ ಮೇಲು. ಅದರಲ್ಲೂ ಮೈಫೇರ್ ಕ್ಲಾಸಿಕ್ ಎಂಬ ಚಿಪ್ಪಿನ ಬೀಗವನ್ನು 2008ರಲ್ಲೇ ನೆದರ್ಲೆಂಡಿನ ಸಂಶೋಧಕರು ಬಿಡಿಸಿ ತೋರಿಸಿದ್ದಾರೆ, ಹೊಸ ತಲೆಮಾರಿನದ್ದು ಕೇಳಿ ತೆಗೆದುಕೊಳ್ಳಿ. ಯಾವ ಚಿಪ್ ಇದ್ದರೂ ಒಬ್ಬರೇ ನಾಲ್ವರ ಕಾರ್ಡ್ ತಂದು ತಾಗಿಸಿದರೆ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಕಾರ್ಡ್ ತಾಗಿಸಿದ ಕೂಡಲೇ ವಾಚ್‌ಮನ್ ಮುಂದಿನ ಪರದೆಯಲ್ಲಿ ಆ ವ್ಯಕ್ತಿಯ ಫೋಟೋ ಬರುವ ಹಾಗೆ ಮಾಡಿ. ಕಾರ್ಡಿನ ಮೇಲಿನ ಫೋಟೋ ಬದಲಿಸಿ ಅಂಟಿಸಬಹುದು, ಕಂಪ್ಯೂಟರಿನ ದಾಖಲೆಯೊಳಗಿನ ಫೋಟೋ ಹಾಗೆ ಬದಲಿಸಲು ಬರುವುದಿಲ್ಲ.

ಟ್ಯಾಗ್ ಬಗ್ಗೆ ಯಾರೂ ಕೇಳುವುದೇ ಇಲ್ಲ. ಮಕ್ಕಳಿಗೆ, ಮಶೀನ್ ಹತ್ತಿರ ಕೆಲಸ ಮಾಡುವವರಿಗೆ ಕುತ್ತಿಗೆಯ ಹಿಂದೆ ಕ್ಲಿಪ್ ಇರುವ ಟ್ಯಾಗ್ ಕೊಡಿ. ಎಳೆದರೆ ತಾನೇ ಬಿಟ್ಟುಕೊಳ್ಳಬೇಕು. ಬಸ್ಸಿನ ಬಾಗಿಲಿಗೋ ಬೆಲ್ಟಿಗೋ ಸಿಕ್ಕಿದ ಗಟ್ಟಿ ಟ್ಯಾಗ್ ಕುತ್ತಿಗೆಗೆ ಉರುಳಾಗುತ್ತದೆ.

ಕಾರ್ಡ್ ಕೊಡುವಾಗ ಇರುವ ಉತ್ಸಾಹ ವಾಪಸ್ ತೆಗೆದುಕೊಳ್ಳುವಾಗ ಇರುವುದಿಲ್ಲ. ಕೆಲಸ ಬಿಟ್ಟವರ ಕಾರ್ಡ್ ಮನೆಯಲ್ಲೇ ಇರುತ್ತದೆ, ಕಳೆದುಹೋದ ಕಾರ್ಡಿನ ನಂಬರ್ ಸಿಸ್ಟಮ್ಮಿನಲ್ಲಿ ಚಾಲ್ತಿಯಲ್ಲೇ ಇರುತ್ತದೆ. ಅದಕ್ಕೇ ಮುಂಬದಿಯಲ್ಲೇ ಅವಧಿ ಮುಗಿಯುವ ತಾರೀಕು ಬೇಕು. ವರ್ಷಕ್ಕೊಂದು ಬಣ್ಣದ ಪಟ್ಟಿ ಇದ್ದರೆ ವಾಚ್‌ಮನ್‌ಗೆ ದೂರದಿಂದಲೇ ಗೊತ್ತಾಗುತ್ತದೆ. ಕಳೆದುಹೋದರೆ ಹೊಸ ಕಾರ್ಡಿಗೆ ಹೊಸ ನಂಬರ್, ಹಳೆಯದು ಅವತ್ತೇ ರದ್ದು.

ಹೋದ ವರ್ಷ ಬದಿಯಡ್ಕ ಕಡೆಯ ಒಂದು ಸಹಕಾರಿ ಸಂಘದಲ್ಲಿ ಅಟೆಂಡರಾಗಿದ್ದವರು ನಿವೃತ್ತರಾಗುವ ದಿನ ಕಾರ್ಡ್ ಕೊಡಲು ಮನಸ್ಸಿಲ್ಲದೆ ನಿಂತಿದ್ದರು. ಸೆಕ್ರೆಟರಿ ನನಗೆ ಫೋನ್ ಮಾಡಿ, "ನಿಯಮ ಪ್ರಕಾರ ವಾಪಸ್ ತೆಗೆದುಕೊಳ್ಳಬೇಕಲ್ಲ, ಏನು ಮಾಡುವುದು?" ಎಂದು ಕೇಳಿದರು. ಸಿಸ್ಟಮ್ಮಿನಲ್ಲಿ ನಂಬರ್ ರದ್ದು ಮಾಡಿ, ತಾರೀಕು ಇರುವಲ್ಲಿ ಪಂಚ್‌ನಿಂದ ಒಂದು ತೂತು ಹಾಕಿ, ಅವರಿಗೇ ಕೊಡಿ ಎಂದೆ. ಫೋಟೋಗೆ ತಾಗದ ಹಾಗೆ ಪಂಚ್ ಮಾಡಿ ಕೊಟ್ಟರಂತೆ.