ಜಿಲ್ಲಾ ಪಂಚಾಯಿತಿ ಅಧ್ಯಕ್ಷ ಸ್ಥಾನ: ಅಧಿಕಾರ ಬಂದ ಬಗೆ, ಕರಗಿದ ಬಗೆ

ರಾಜ್ಯದ ಜಿಲ್ಲಾ ಪಂಚಾಯಿತಿಗಳಿಗೆ ಕೊನೆಯ ಬಾರಿ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿದು ಆಡಳಿತಾಧಿಕಾರಿಗಳು ಬಂದರು. ಅಂದಿನಿಂದ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಆಯೋಗ, ಹೈಕೋರ್ಟ್ ಎಂಬ ಪದಗಳು ಸುದ್ದಿಯಲ್ಲಿ ಎಷ್ಟು ಸಲ ಸುಳಿದಾಡಿವೆಯೆಂದರೆ, ಈ ಗೋಜಲಿನ ಎಳೆ ಎಲ್ಲಿಂದ ಶುರುವಾಯಿತೆಂಬುದೇ ಮರೆತುಹೋಗಿದೆ. ಅದನ್ನು ತಿಳಿಯಬೇಕಾದರೆ ಜಿಲ್ಲೆಯ ಚುನಾಯಿತ ಮುಖ್ಯಸ್ಥ ಎಂಬ ಹುದ್ದೆಯ ಏಳುಬೀಳುಗಳನ್ನು ಗಮನಿಸಬೇಕು.

1959ರ ಕಾಯ್ದೆಯಡಿ ತಾಲ್ಲೂಕು ಅಭಿವೃದ್ಧಿ ಮಂಡಳಿಗಳು ಚುನಾಯಿತವಾಗಿದ್ದವು. ಎಚ್.ಡಿ. ದೇವೇಗೌಡ ಮತ್ತು ಸಿದ್ದರಾಮಯ್ಯ ಇಬ್ಬರೂ ರಾಜಕೀಯದ ಮೊದಲ ಪಾಠ ಕಲಿತದ್ದು ಇಂಥ ಮಂಡಳಿಗಳಲ್ಲೇ. ಆದರೆ ಜಿಲ್ಲಾ ಮಟ್ಟದ ಅಭಿವೃದ್ಧಿ ಪರಿಷತ್ತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರಾಗಿದ್ದರು.

ಈ ಚಿತ್ರ ಬದಲಾದದ್ದು ರಾಮಕೃಷ್ಣ ಹೆಗಡೆ ಅವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಹಟದಿಂದ. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಅವರು ರೂಪಿಸಿದ 1983ರ ಮಸೂದೆಗೆ ರಾಷ್ಟ್ರಪತಿಯವರ ಅಂಕಿತ ಬೀಳಲು ಎರಡು ವರ್ಷ ಹಿಡಿಯಿತು. 1987ರ ಜನವರಿಯಲ್ಲಿ ಚುನಾವಣೆ ನಡೆದು, ಅಂದಿನ ಜಿಲ್ಲೆಗಳಲ್ಲಿ ಜಿಲ್ಲಾ ಪರಿಷತ್ತುಗಳು ತಲೆಯೆತ್ತಿದವು. ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಾಗಿತ್ತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಬಂದವರು ಜಿಲ್ಲಾಧಿಕಾರಿಗಿಂತ ಸೇವಾ ಹಿರಿತನವಿದ್ದ ಐಎಎಸ್ ಅಧಿಕಾರಿಗಳು. ಜಿಲ್ಲೆಯ ಅಭಿವೃದ್ಧಿಯ ಚುಕ್ಕಾಣಿ ಜನರಿಂದ ಆರಿಸಿ ಬಂದವರ ಕೈಯಲ್ಲಿರಬೇಕು ಎಂಬ ಮಾತು ಇಷ್ಟು ಸ್ಪಷ್ಟವಾಗಿ ಕಡತಕ್ಕೆ ಇಳಿದದ್ದು ಆಗಲೇ. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದಾಗ ಹೊಸ ಚುನಾವಣೆ ನಡೆಯಲಿಲ್ಲ. ಮೂರು ವರ್ಷ ಆಡಳಿತಾಧಿಕಾರಿಗಳ ಆಳ್ವಿಕೆ ನಡೆಯಿತು.

ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಪಂಚಾಯಿತಿಗಳಿಗೆ ಸಾಂವಿಧಾನಿಕ ರಕ್ಷಣೆ ಸಿಕ್ಕಿತು. ಅದೇ ವರ್ಷ ರಾಜ್ಯವೂ ಹೊಸ ಪಂಚಾಯತ್ ರಾಜ್ ಕಾಯ್ದೆ ತಂದಿತು, ಜಿಲ್ಲಾ ಪರಿಷತ್ತಿನ ಜಾಗಕ್ಕೆ ಜಿಲ್ಲಾ ಪಂಚಾಯಿತಿ ಬಂತು. ವಿಚಿತ್ರವೆಂದರೆ, ಸಂಸ್ಥೆಗೆ ಭದ್ರತೆ ದೊರೆತ ಹೊತ್ತಿನಲ್ಲೇ ಅದರ ಅಧ್ಯಕ್ಷರ ಬಲ ಕುಗ್ಗಿತು. ಕಾರ್ಯಾಂಗದ ಅಧಿಕಾರ ಬಹುಮಟ್ಟಿಗೆ ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಕಡೆಗೆ ವಾಲಿತು. ಅಧ್ಯಕ್ಷರ ಅವಧಿ 20 ತಿಂಗಳಿಗೆ ಇಳಿಯಿತು. ಐದು ವರ್ಷದಲ್ಲಿ ಮೂವರು ಅಧ್ಯಕ್ಷರು, ಪ್ರತಿ ಸಲವೂ ಹೊಸ ಮೀಸಲಾತಿ. ಹೆಚ್ಚು ಸಮುದಾಯಗಳಿಗೆ ಅವಕಾಶ ಸಿಗಲಿ ಎಂಬ ಉದ್ದೇಶ ಒಳ್ಳೆಯದೇ ಆಗಿತ್ತು. ಅದು ನಡೆದ ಬಗೆಯನ್ನು ಮಾತ್ರ ಸ್ವಲ್ಪ ಹತ್ತಿರದಿಂದ ನೋಡಬೇಕು.

ಪ್ರಾದೇಶಿಕ ಆಯುಕ್ತರ ಸಮ್ಮುಖದಲ್ಲಿ ಆಯ್ಕೆಯಾದ ಹೊಸ ಅಧ್ಯಕ್ಷರಿಗೆ ಇಲಾಖೆಗಳ ಲೆಕ್ಕಶೀರ್ಷಿಕೆಗಳು (ಯಾವ ಹಣ ಯಾವ ಕೆಲಸಕ್ಕೆ ಎಂಬ ವಿಂಗಡಣೆ) ಅರ್ಥವಾಗುವಷ್ಟರಲ್ಲಿ ನಾಲ್ಕೈದು ತಿಂಗಳು ಕಳೆಯುತ್ತಿತ್ತು. ನಡುವೆ ಯಾವುದಾದರೂ ಚುನಾವಣೆಯ ನೀತಿಸಂಹಿತೆ ಬಂದರೆ ಕೆಲಸವೇ ಸ್ಥಗಿತ. ಒಬ್ಬ ಅಧ್ಯಕ್ಷರಿಗೆ ಪೂರ್ಣವಾಗಿ ದಕ್ಕುತ್ತಿದ್ದದ್ದು ಹೆಚ್ಚೆಂದರೆ ಒಂದು ಆರ್ಥಿಕ ವರ್ಷ. ಅದೂ ಸಾಲದೆಂಬಂತೆ, ಆ 20 ತಿಂಗಳನ್ನೂ ಪಕ್ಷದೊಳಗೆ ಹತ್ತು ಹತ್ತು ತಿಂಗಳಾಗಿ ಹಂಚಿಕೊಳ್ಳುವ ಒಳ ಒಪ್ಪಂದಗಳು ಹುಟ್ಟಿಕೊಂಡವು. ಒಪ್ಪಂದದ ದಿನ ಬಂದಾಗ ಅಧ್ಯಕ್ಷರು ರಾಜೀನಾಮೆಗೆ ಒಪ್ಪದಿದ್ದರೆ ಸದಸ್ಯರು ಸಾಮಾನ್ಯ ಸಭೆಗೆ ಗೈರಾಗುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಐದಾರು ಸಹಿ ಮಾತ್ರ ಬಿದ್ದಿರುತ್ತಿತ್ತು, ಅಧಿಕಾರಿಗಳು ಕಡತ ಹಿಡಿದು ಕಾಯುತ್ತಿದ್ದರು, ಕೋರಂ ಇಲ್ಲವೆಂದು ಸಭೆ ಮುಂದಕ್ಕೆ ಹೋಗುತ್ತಿತ್ತು. ಕ್ರಿಯಾಯೋಜನೆಗೆ ಸಭೆಯ ಅನುಮೋದನೆ ಸಿಗದೆ ಶಾಲಾ ಕೊಠಡಿಯ ದುರಸ್ತಿ, ಕುಡಿಯುವ ನೀರಿನ ಪೈಪ್‌ಲೈನ್ ಎಲ್ಲವೂ ಕಾಗದದಲ್ಲೇ ಉಳಿಯುತ್ತಿದ್ದವು. ಇದರಿಂದ ಹೆಚ್ಚು ನಲುಗಿದವರು ಮೀಸಲಾತಿಯ ಬಲದಿಂದ ಮೊದಲ ಬಾರಿ ಆ ಹುದ್ದೆಗೇರಿದ ಮಹಿಳೆಯರು ಮತ್ತು ಪರಿಶಿಷ್ಟ ಸಮುದಾಯದವರು ಎಂಬುದನ್ನು ಒತ್ತಿ ಹೇಳಲೇಬೇಕು. ಅವರಿಗೆ ಹುದ್ದೆ ಸಿಕ್ಕಿತು, ಅದನ್ನು ನಿಭಾಯಿಸಿ ತೋರಿಸುವಷ್ಟು ಕಾಲ ಸಿಗಲಿಲ್ಲ.

2010ರ ಚುನಾವಣೆಯಿಂದ ಮಹಿಳಾ ಮೀಸಲಾತಿ ಶೇ 50ಕ್ಕೆ ಏರಿತು. 2015ರ ತಿದ್ದುಪಡಿ ಅಧ್ಯಕ್ಷರ ಅವಧಿಯನ್ನು ಐದು ವರ್ಷಕ್ಕೆ ವಿಸ್ತರಿಸಿತು. 2016ರಲ್ಲಿ ಆಯ್ಕೆಯಾದವರೇ ಈ ಪೂರ್ಣಾವಧಿಯ ಮೊದಲ ತಂಡ. ಸದ್ಯಕ್ಕೆ ಕೊನೆಯ ತಂಡವೂ ಹೌದು.

2021ರಲ್ಲಿ ರಾಜ್ಯ ಚುನಾವಣಾ ಆಯೋಗವು ಕ್ಷೇತ್ರಗಳನ್ನು ವಿಂಗಡಿಸಿ ಮೀಸಲಾತಿಯ ಕರಡನ್ನೂ ಪ್ರಕಟಿಸಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ಶಾಸನಸಭೆ ಕಾಯ್ದೆಗೆ ತಿದ್ದುಪಡಿ ತಂದು ಆ ಅಧಿಕಾರವನ್ನು ಹಿಂಪಡೆಯಿತು. ವಿಂಗಡಣೆಗೆಂದು ಪ್ರತ್ಯೇಕ ಸೀಮಾ ನಿರ್ಣಯ ಆಯೋಗ ಬಂತು. ಇತ್ತ ಹಿಂದುಳಿದ ವರ್ಗಗಳ ರಾಜಕೀಯ ಮೀಸಲಾತಿಗೆ ಮೂರು ಹಂತದ ಪರಿಶೀಲನೆ (ಆಯೋಗದ ಅಧ್ಯಯನ, ಅದರಂತೆ ಮೀಸಲಾತಿ ಪ್ರಮಾಣದ ನಿಗದಿ, ಒಟ್ಟು ಮೀಸಲಾತಿ ಶೇ 50 ಮೀರದಂತೆ ನೋಡುವುದು) ಅಗತ್ಯವೆಂದು ಸುಪ್ರೀಂ ಕೋರ್ಟ್ ಹೇಳಿದ್ದರಿಂದ, 2022ರಲ್ಲಿ ನ್ಯಾಯಮೂರ್ತಿ ಭಕ್ತವತ್ಸಲ ನೇತೃತ್ವದ ಆಯೋಗ ರಚನೆಯಾಗಿ ವರದಿಯನ್ನೂ ಕೊಟ್ಟಿತು. ವಿಳಂಬ ಕಂಡು ಹೈಕೋರ್ಟ್ 2022ರ ಡಿಸೆಂಬರ್‌ನಲ್ಲಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ವಿಧಿಸಿತು. ಮರುವರ್ಷ ಸರ್ಕಾರ ಬದಲಾಯಿತು, ಆಗಲೂ ಚುನಾವಣೆಯ ದಿನ ಹತ್ತಿರವಾಗಲಿಲ್ಲ. ಅವಧಿ ಮುಗಿಯುವ ಮುನ್ನವೇ ಹೊಸ ಚುನಾವಣೆ ಪೂರ್ಣಗೊಳ್ಳಬೇಕೆನ್ನುವ ಸಂವಿಧಾನದ 243ಇ ವಿಧಿಯಲ್ಲಿ ಗೊಂದಲಕ್ಕೆ ಎಡೆಯಿಲ್ಲ.

ಜಿಲ್ಲಾ ಪಂಚಾಯಿತಿಯಲ್ಲಿ ಬಲವಾದ ನಾಯಕರು ಬೆಳೆದರೆ ಅವರು ನಾಳೆ ವಿಧಾನಸಭೆಯ ಟಿಕೆಟ್ ಕೇಳುತ್ತಾರೆ. ಕಾಮಗಾರಿಗಳ ಹಂಚಿಕೆಯಲ್ಲಿ ಇಂದೇ ಪಾಲು ಕೇಳುತ್ತಾರೆ. ಈ ಹುದ್ದೆಯ ವಿಷಯದಲ್ಲಿ ಯಾವ ಪಾಳೆಯದಲ್ಲೂ ಅವಸರ ಕಾಣದಿರುವುದಕ್ಕೆ ಇದಕ್ಕಿಂತ ಸರಳ ವಿವರಣೆ ಹುಡುಕುವುದು ಕಷ್ಟ. ಅದರ ಬೆಲೆ ತೆರುತ್ತಿರುವವರು ಹಳ್ಳಿಯ ಜನ. 15ನೇ ಹಣಕಾಸು ಆಯೋಗವು ತನ್ನ ಅನುದಾನವನ್ನು ವಿಧಿವತ್ತಾಗಿ ಚುನಾಯಿತವಾದ ಸ್ಥಳೀಯ ಸಂಸ್ಥೆಗಳಿಗೆ ಸೀಮಿತಗೊಳಿಸಿದ್ದರಿಂದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಪಾಲಿಗೆ ತಡೆ ಬಿತ್ತು. ಅಂಗನವಾಡಿಯ ಚಾವಣಿ ಸೋರಿದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲದಿದ್ದರೂ, ಅದನ್ನು ಸಾಮಾನ್ಯ ಸಭೆಯಲ್ಲಿ ಎತ್ತಿ ಅಧಿಕಾರಿಯಿಂದ ಉತ್ತರ ಪಡೆದು ನಡಾವಳಿಯಲ್ಲಿ ದಾಖಲಿಸುತ್ತಿದ್ದ ಸದಸ್ಯರು ಈಗ ಇಲ್ಲದ ಕಾರಣ, ಅಂಥ ದೂರುಗಳು ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಕಚೇರಿಗೆ ಮನವಿ ಪತ್ರಗಳಾಗಿ ಬರುತ್ತವೆ.