ಪಿಟ್ಯುಟರಿ ಗೆಡ್ಡೆ: ಘಟ್ಟ ಹತ್ತುವ ಮುನ್ನ ಆಗಬೇಕಾದ ಪರೀಕ್ಷೆಗಳು

ತಲೆನೋವೆಂದೋ, ಬೈಕಿನಿಂದ ಬಿದ್ದರೆಂದೋ ತಲೆಯ ಸ್ಕ್ಯಾನ್ ಆಗುತ್ತದೆ. ವರದಿಯ ಕೊನೆಯಲ್ಲಿ ಯಾರೂ ನಿರೀಕ್ಷಿಸದ ಒಂದು ಸಾಲು: ಪಿಟ್ಯುಟರಿಯಲ್ಲಿ 14 ಮಿ.ಮೀ. ಗೆಡ್ಡೆ. ಮುಂದಿನದು ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಗೊತ್ತಿರುವ ಹಾದಿ. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿ ಎನ್ನುತ್ತಾರೆ. ಹೊನ್ನಾವರ, ಭಟ್ಕಳದವರು ಮಣಿಪಾಲ ಎನ್ನುತ್ತಾರೆ. ಕಾರವಾರದವರು ಗೋವಾದ ಬಾಂಬೋಲಿಂ ಎನ್ನುತ್ತಾರೆ. ಸೊಸೈಟಿಯಲ್ಲಿ ಅಡಿಕೆಯ ಮೇಲೆ ಸಾಲ ಎತ್ತಿದ್ದೂ ಆಗಿರುತ್ತದೆ. ಇಷ್ಟೆಲ್ಲ ಆದ ಮೇಲೆ ಹಾರ್ಮೋನು ರೋಗಗಳ ವೈದ್ಯನಾದ ನನ್ನ ಬಳಿ ಬಂದು, "ಡಾಕ್ಟರೇ, ಆಪರೇಷನ್ ಎಲ್ಲಿ ಮಾಡಿಸಿದರೆ ಒಳ್ಳೆಯದು?" ಎಂದು ಕೇಳುತ್ತಾರೆ. ಇದು ಯಾವ ಬಗೆಯ ಗೆಡ್ಡೆ ಎಂದು ಕೇಳುವವರು ಕಡಿಮೆ. ಅದು ತಿಳಿಯದೆ ಎಲ್ಲಿ ಎಂಬುದಕ್ಕೆ ಉತ್ತರವಿಲ್ಲ. ಕೆಲವರಿಗಂತೂ ಆಪರೇಷನ್ನೇ ಬೇಕಾಗುವುದಿಲ್ಲ.

ಮೂಗಿನ ಹಿಂದೆ, ಮಿದುಳಿನ ಬುಡದಲ್ಲಿ, ಎಲುಬಿನ ಪುಟ್ಟ ಗುಳಿಯೊಂದರಲ್ಲಿ ಕುಳಿತು, ಥೈರಾಯ್ಡಿನಂಥ ಬೇರೆ ಗ್ರಂಥಿಗಳನ್ನು ನಡೆಸುವ ಹಾರ್ಮೋನುಗಳನ್ನು ಸುರಿಸುವ ಗ್ರಂಥಿ ಇದು. ತೂಕ ಅರ್ಧ ಗ್ರಾಂ ಆಸುಪಾಸು. ಬೇರೆ ಕಾರಣಕ್ಕೆ ಎಮ್‌ಆರ್‌ಐ ಮಾಡಿಸಿಕೊಂಡ ವಯಸ್ಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಅಲ್ಲೊಂದು ಚುಕ್ಕೆ ಕಾಣುತ್ತದೆ. ಹೆಚ್ಚಿನವು ಜೀವಮಾನವಿಡೀ ಸುಮ್ಮನಿರುತ್ತವೆ. 10 ಮಿ.ಮೀ.ಗಿಂತ ಚಿಕ್ಕದಾದರೆ ಮೈಕ್ರೋ, ಅಷ್ಟೋ ಅದಕ್ಕಿಂತ ಹೆಚ್ಚೋ ಇದ್ದರೆ ಮ್ಯಾಕ್ರೋ. ಹರೆಯಕ್ಕೆ ಬರುವ ಹುಡುಗಿಯರಲ್ಲಿ, ಬಸುರಿಯರಲ್ಲಿ ಗ್ರಂಥಿ ತಾನಾಗಿಯೇ ಉಬ್ಬಿರುತ್ತದೆ. ಅದು ರೋಗವಲ್ಲ. ಇನ್ನು ಸಿಟಿ ಸ್ಕ್ಯಾನ್ ನೋಡಿ ಪಿಟ್ಯುಟರಿಯ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ. ತಲೆಯ ಸಾಮಾನ್ಯ ಎಮ್‌ಆರ್‌ಐ ಕೂಡ ದಪ್ಪ ದಪ್ಪ ಪದರಗಳಲ್ಲಿ ಚಿತ್ರ ತೆಗೆಯುವುದರಿಂದ ನಾಲ್ಕು ಮಿಲಿಮೀಟರಿನ ಗಂಟು ನಡುವೆ ತಪ್ಪಿಸಿಕೊಳ್ಳಬಹುದು. ಬೇಕಾದದ್ದು ಪಿಟ್ಯುಟರಿಗೆಂದೇ ತೆಳುವಾದ ಪದರಗಳಲ್ಲಿ, ಕಾಂಟ್ರಾಸ್ಟ್ ಔಷಧಿ ಕೊಟ್ಟು ತೆಗೆದ ಎಮ್‌ಆರ್‌ಐ. ಚೀಟಿಯಲ್ಲಿ ಹಾಗೆಂದು ಬರೆಸಿಕೊಳ್ಳದೆ ಹೋದರೆ ಅದೇ ಖರ್ಚು ಎರಡು ಬಾರಿ.

ರಕ್ತಪರೀಕ್ಷೆಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಪ್ರೊಲ್ಯಾಕ್ಟಿನ್, ಅಂದರೆ ಎದೆಹಾಲು ಬರಿಸುವ ಹಾರ್ಮೋನಿನ ಪರೀಕ್ಷೆಯನ್ನು ಆರಿಸುತ್ತೇನೆ. ಹಾರ್ಮೋನು ಸುರಿಸುವ ಪಿಟ್ಯುಟರಿ ಗೆಡ್ಡೆಗಳಲ್ಲಿ ಅತಿ ಸಾಮಾನ್ಯವಾದದ್ದು ಪ್ರೊಲ್ಯಾಕ್ಟಿನೋಮ. ಕಣ್ಣಿನ ನರವನ್ನು ಒತ್ತುವಷ್ಟು ಬೆಳೆದಿದ್ದರೂ ಅದು ಸಾಮಾನ್ಯವಾಗಿ ಕ್ಯಾಬರ್ಗೋಲಿನ್ ಎಂಬ, ವಾರಕ್ಕೆ ಒಂದೆರಡು ಬಾರಿ ನುಂಗುವ ಮಾತ್ರೆಗೆ ಕುಗ್ಗುತ್ತದೆ. ಕೆಲವರಲ್ಲಿ ದಿನಗಳೊಳಗೆ ದೃಷ್ಟಿ ಸುಧಾರಿಸುತ್ತದೆ. ಚಿಕ್ಕದಾಗಿ ಒಂದೇ ಕಡೆ ಇರುವ ಪ್ರೊಲ್ಯಾಕ್ಟಿನೋಮವನ್ನು ನುರಿತ ಕೈಗಳು ತೆಗೆದುಬಿಡುವುದೂ ಒಂದು ದಾರಿ ಎನ್ನುವ ತಜ್ಞರು ಈಗ ಇದ್ದಾರೆ. ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಪ್ರೊಲ್ಯಾಕ್ಟಿನ್ ನೋಡದೆಯೇ ಆಪರೇಷನ್ ದಿನಾಂಕ ಗೊತ್ತುಮಾಡುವುದಕ್ಕೆ ನನ್ನ ಬಳಿ ಕ್ಷಮೆಯಿಲ್ಲ.

ಸಂಖ್ಯೆ ಬಂದ ಮೇಲೆ ಅದನ್ನು ಓದುವುದೂ ತಿಳಿದಿರಬೇಕು. ಹೆಂಗಸರಲ್ಲಿ ಪ್ರತಿ ಮಿಲಿಲೀಟರಿಗೆ ಸುಮಾರು 25 ನ್ಯಾನೋಗ್ರಾಂ, ಗಂಡಸರಲ್ಲಿ ಸುಮಾರು 20ರವರೆಗೆ ಸಹಜ. ದೊಡ್ಡ ಗೆಡ್ಡೆಯ ಜೊತೆಗೆ 250 ದಾಟಿದ್ದರೆ ಪ್ರೊಲ್ಯಾಕ್ಟಿನೋಮ ಎನ್ನುವುದು ಬಹುಮಟ್ಟಿಗೆ ಖಚಿತ. ಕಷ್ಟವಿರುವುದು 60, 80ರ ಆಸುಪಾಸಿನಲ್ಲಿ. ಆಗ ಮೊದಲು ಅವರು ತಂದಿರುವ ಮಾತ್ರೆಗಳ ಕೊಟ್ಟೆ ಬಿಚ್ಚಿಸುತ್ತೇನೆ. ಗ್ಯಾಸ್ಟ್ರಿಕ್ ಎಂದು ತಿಂಗಳುಗಟ್ಟಲೆ ನುಂಗುವ ಮಾತ್ರೆಗಳಲ್ಲಿ ಡೊಂಪೆರಿಡೋನ್ ಅಥವಾ ಲೆವೋಸಲ್ಪಿರೈಡ್ ಸೇರಿರುವುದು ಬಲು ಸಾಮಾನ್ಯ, ಎರಡೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್ ಕೂಡ ಹಾಗೆಯೇ, ಆದರೆ ಅದನ್ನು ಮನೋವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಗ್ಯಾಸ್ಟ್ರಿಕ್ ಮಾತ್ರೆ ನಿಲ್ಲಿಸಿ ಕೆಲವು ದಿನ ಬಿಟ್ಟು ಮತ್ತೆ ರಕ್ತ ಕೊಟ್ಟಾಗ ಸಂಖ್ಯೆ ಸಹಜಕ್ಕೆ ಇಳಿದು, ಸ್ಕ್ಯಾನಿನ ಚುಕ್ಕೆ ಬರೀ ಚುಕ್ಕೆಯಾಗಿ ಉಳಿದದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಔಷಧಿಯ ದೋಷವಿಲ್ಲವೆಂದಾದರೆ ಇನ್ನೊಂದು ಸಾಧ್ಯತೆ. ಮಿದುಳಿನಿಂದ ಗ್ರಂಥಿಯ ತೊಟ್ಟಿನ ಮೂಲಕ ಇಳಿದು ಬರುವ ಡೋಪಮಿನ್ ಎಂಬ ರಾಸಾಯನಿಕ ಸದಾ ಪ್ರೊಲ್ಯಾಕ್ಟಿನ್ನನ್ನು ತಡೆದು ಹಿಡಿದಿರುತ್ತದೆ, ಕದ್ರಾ ಅಣೆಕಟ್ಟಿನ ಗೇಟು ಕಾಳಿ ನದಿಯನ್ನು ಹಿಡಿದಂತೆ. ಬೇರೆ ಯಾವುದೇ ಗೆಡ್ಡೆ ಗ್ರಂಥಿಯ ತೊಟ್ಟನ್ನು ಒತ್ತಿದರೂ ಆ ಗೇಟು ತೆರೆದುಕೊಂಡು ಪ್ರೊಲ್ಯಾಕ್ಟಿನ್ ಮೇಲೇರುತ್ತದೆ, ಸಾಮಾನ್ಯವಾಗಿ 100ರ ಒಳಗೇ. ಅಂಥವರಿಗೆ ಕ್ಯಾಬರ್ಗೋಲಿನ್ ಕೊಟ್ಟರೆ ಸಂಖ್ಯೆ ಇಳಿಯುತ್ತದೆ, ಗೆಡ್ಡೆ ಇಳಿಯುವುದಿಲ್ಲ. ರೋಗಿ ಸಂತೋಷದಿಂದಿರುವಾಗಲೇ ಕಣ್ಣು ಹೋಗುತ್ತಿರುತ್ತದೆ. ಇದಕ್ಕೆ ತದ್ವಿರುದ್ಧವಾದ ಮೋಸವೂ ಇದೆ. ನಾಲ್ಕು ಸೆಂಟಿಮೀಟರಿನ ದೈತ್ಯ ಗೆಡ್ಡೆಯಲ್ಲಿ ಪ್ರೊಲ್ಯಾಕ್ಟಿನ್ ಎಷ್ಟು ವಿಪರೀತವೆಂದರೆ ಪರೀಕ್ಷೆಯ ರಾಸಾಯನಿಕವೇ ತಬ್ಬಿಬ್ಬಾಗಿ ಸಣ್ಣ ಸಂಖ್ಯೆ ತೋರಿಸಬಹುದು. ಗೆಡ್ಡೆ ದೊಡ್ಡದಿದ್ದು ಸಂಖ್ಯೆ ಚಿಕ್ಕದಿದ್ದರೆ ರಕ್ತವನ್ನು ನೂರು ಪಟ್ಟು ತೆಳುಮಾಡಿ ಮತ್ತೆ ಅಳೆಯಿರಿ ಎಂದು ಪ್ರಯೋಗಾಲಯಕ್ಕೆ ಬರೆದು ಕಳಿಸಬೇಕು.

ಥೈರಾಯ್ಡ್ ಕಥೆ ಇನ್ನೂ ವಿಚಿತ್ರ. ಹರೆಯದ ಹುಡುಗಿ, ದಪ್ಪವಾಗುತ್ತಿದ್ದಾಳೆ, ಎತ್ತರ ನಿಂತಿದೆ, ಮುಟ್ಟು ಏರುಪೇರು, ತಲೆನೋವು. ಎಮ್‌ಆರ್‌ಐಯಲ್ಲಿ ಪಿಟ್ಯುಟರಿ ಗುಮ್ಮಟದಂತೆ ಉಬ್ಬಿದೆ, ಪ್ರೊಲ್ಯಾಕ್ಟಿನ್ ತುಸು ಹೆಚ್ಚು. ಎಲ್ಲವೂ ಗೆಡ್ಡೆಯನ್ನೇ ತೋರಿಸುತ್ತದೆ. ಥೈರಾಯ್ಡನ್ನು ಚುರುಕುಗೊಳಿಸಲು ಪಿಟ್ಯುಟರಿ ಸುರಿಸುವ ಟಿಎಸ್ಎಚ್ ಹಾರ್ಮೋನು ನೋಡಿದರೆ 100ಕ್ಕಿಂತ ಮೇಲೆ! ಥೈರಾಯ್ಡ್ ಸೋತದ್ದರಿಂದ ಅದನ್ನು ಎಬ್ಬಿಸಲು ಹೆಣಗಿ ಹೆಣಗಿ ಪಿಟ್ಯುಟರಿ ಊದಿಕೊಂಡಿದೆ, ಅಷ್ಟೆ. ಥೈರಾಕ್ಸಿನ್ ಮಾತ್ರೆ ಶುರುವಾದ ಕೆಲವೇ ತಿಂಗಳುಗಳಲ್ಲಿ ಗ್ರಂಥಿ ತನ್ನ ಅಳತೆಗೆ ಮರಳುತ್ತದೆ. ಇಂಥ ಮಗುವಿನ ಮೂಗಿನೊಳಗಿಂದ ಶಸ್ತ್ರ ತೂರಿಸಿ ಸಹಜ ಗ್ರಂಥಿಯನ್ನು ಕೆರೆದು ತೆಗೆದರೆ ಆಕೆ ಜೀವನವಿಡೀ ನಾಲ್ಕು ಹಾರ್ಮೋನುಗಳಿಗೆ ಮಾತ್ರೆ, ಚುಚ್ಚುಮದ್ದು ತೆಗೆದುಕೊಳ್ಳಬೇಕಾದೀತು.

ಕೆಲವು ಗೆಡ್ಡೆಗಳು ಮುಖದ ಮೇಲೆಯೇ ಬರೆದಿರುತ್ತವೆ. ಬೆಳವಣಿಗೆಯ ಹಾರ್ಮೋನು ಸುರಿಸುವ ಗೆಡ್ಡೆಯಿದ್ದವರು ಮನೆಯವರ ಕಣ್ಣಿಗೆ ಬದಲಾಗಿರುವುದಿಲ್ಲ, ಏಕೆಂದರೆ ಬದಲಾವಣೆ ವರ್ಷಗಳದ್ದು. ಹಳೆಯ ಮತದಾರರ ಚೀಟಿ ತೆಗೆಸಿ ಎದುರಿನ ಮುಖದ ಪಕ್ಕ ಹಿಡಿದರೆ ಸಾಕು: ಮೂಗು, ದವಡೆ, ತುಟಿ ಬೇರೆಯವರದ್ದು. ಮದುವೆಯ ಉಂಗುರ ಬೆರಳಿಂದ ಬರುವುದಿಲ್ಲ, ಚಪ್ಪಲಿಯ ನಂಬರು ಏರಿದೆ, ಗೊರಕೆ, ಬೆವರು, ಸಕ್ಕರೆ ಕಾಯಿಲೆ. ಇವರಿಗೆ ಬೆಳವಣಿಗೆಯ ಹಾರ್ಮೋನು ಹೆಚ್ಚಾದಾಗ ರಕ್ತದಲ್ಲಿ ಏರುವ ಐಜಿಎಫ್-1 ಎಂಬುದರ ಪರೀಕ್ಷೆ, ಅದು ಹೆಚ್ಚಿದ್ದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಹಾರ್ಮೋನು ಇಳಿಯುತ್ತದೆಯೇ ಎಂದು ನೋಡುವುದು. ನಾಲಿಗೆ, ಗಂಟಲು ದಪ್ಪವಾಗಿರುವುದರಿಂದ ಅರಿವಳಿಕೆ ತಜ್ಞರಿಗೂ ಇದು ಮೊದಲೇ ತಿಳಿದಿರಬೇಕು. ರಕ್ತದೊತ್ತಡ ಕಾಯುವ ಸ್ಟೀರಾಯ್ಡ್ ಹಾರ್ಮೋನಾದ ಕಾರ್ಟಿಸೋಲನ್ನು ಹೆಚ್ಚಿಸುವ ಗೆಡ್ಡೆಯ ಪತ್ತೆಯೋ ಇನ್ನೊಂದು ಲೇಖನಕ್ಕಾಗುವ ಮಾತು. ರಾತ್ರಿ 11ಕ್ಕೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಒಂದು ಮಿ.ಗ್ರಾಂ ನುಂಗಿಸಿ, ಬೆಳಿಗ್ಗೆ 8ಕ್ಕೆ ರಕ್ತ ತೆಗೆದಾಗ ಕಾರ್ಟಿಸೋಲ್ ಡೆಸಿಲೀಟರಿಗೆ 1.8 ಮೈಕ್ರೋಗ್ರಾಂ ದಾಟಿದ್ದರೆ ಮುಂದುವರಿಯಬೇಕು ಎಂಬಷ್ಟನ್ನು ಇಲ್ಲಿ ಹೇಳಬಹುದು. ಕಾರ್ಟಿಸೋಲ್ ಬರಿಸಲು ಪಿಟ್ಯುಟರಿ ಸುರಿಸುವ ಎಸಿಟಿಎಚ್ ಹಾರ್ಮೋನಿನ ಪರೀಕ್ಷೆಗೆ ತೆಗೆದ ರಕ್ತವನ್ನು ಮಂಜುಗಡ್ಡೆಯಲ್ಲಿಡದೆ ಕಾರವಾರದ ಸೆಕೆಯಲ್ಲಿ ಮೇಜಿನ ಮೇಲೆ ಬಿಟ್ಟರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಸ್ಟೀರಾಯ್ಡ್ ಮಾತ್ರೆ, ಮುಲಾಮು, ಕೀಲುನೋವಿಗೆ ಸಿಕ್ಕ ಹೆಸರಿಲ್ಲದ ಪುಡಿಗಳ ವಿಚಾರವನ್ನೂ ಕೇಳದೆ ಬಿಡಬಾರದು.

ಕಣ್ಣಿನ ವಿಷಯ. ಪಿಟ್ಯುಟರಿಯ ಮೇಲೆಯೇ ಎರಡೂ ಕಣ್ಣಿನ ನರಗಳು ಕೂಡುವ ಜಾಗವಿದೆ. ಗೆಡ್ಡೆ ಅದನ್ನು ಒತ್ತಿದಾಗ ಹೊರಬದಿಯ ನೋಟ ಹೋಗುತ್ತದೆ, ಎದುರಿನದು ಉಳಿಯುತ್ತದೆ. ಹೀಗಾಗಿ ಗೋಡೆಯ ಮೇಲಿನ ಅಕ್ಷರ ಓದಿಸಿದರೆ ಎಲ್ಲ ಸರಿಯಿದೆ ಎಂದೇ ಬರುತ್ತದೆ. ಅಡಿಕೆ ಕೊನೆ ಇಳಿಸುವ ಕೊನೆಗೌಡನೊಬ್ಬ ಪಕ್ಕದ ಅಡಿಕೆ ಮರ ಕಾಣದೆ ಭುಜ ತಾಗಿಸಿಕೊಳ್ಳುತ್ತಿದ್ದ. ಚಷ್ಮಾ ಬದಲಿಸಿದರೂ ಉಪಯೋಗವಾಗಲಿಲ್ಲ. ಕೆಂಪು ತಲೆಯ ಗುಂಡುಪಿನ್ನನ್ನು ಬದಿಯಿಂದ ಒಳಗೆ ತಂದು ಎಲ್ಲಿ ಕಾಣುತ್ತದೆ ಎಂದು ಕೇಳಿದರೆ ಎರಡೇ ನಿಮಿಷದಲ್ಲಿ ಸುಳಿವು ಸಿಗುತ್ತದೆ. ಆಮೇಲೆ ಕಣ್ಣಿನ ವೈದ್ಯರಲ್ಲಿ ದೃಷ್ಟಿಕ್ಷೇತ್ರ ಪರೀಕ್ಷೆ. ಆಪರೇಷನ್ ಎಷ್ಟು ತುರ್ತು ಎಂಬುದನ್ನು ಗೆಡ್ಡೆಯ ಅಳತೆಗಿಂತ ಹೆಚ್ಚಾಗಿ ಈ ಕಾಗದವೇ ಹೇಳುತ್ತದೆ.

ವಿಪರೀತ ಬಾಯಾರಿಕೆ, ರಾತ್ರಿ ಮತ್ತೆ ಮತ್ತೆ ಎದ್ದು ತಂಬಿಗೆಗಟ್ಟಲೆ ಮೂತ್ರ, ಆದರೆ ಸಕ್ಕರೆ ಸರಿಯಿದೆ. ಇದು ಆಪರೇಷನ್ನಿಗೆ ಮೊದಲೇ ಇದ್ದರೆ ನಾನು ಎಚ್ಚರಾಗುತ್ತೇನೆ. ಪಿಟ್ಯುಟರಿಯ ಸಾಮಾನ್ಯ ಗೆಡ್ಡೆ, ಎಷ್ಟೇ ದೊಡ್ಡದಿರಲಿ, ಹೀಗೆ ಮಾಡುವುದು ಅಪರೂಪ. ಉರಿಯೂತ, ಕ್ಷಯ, ಬೇರೆಡೆಯ ಕ್ಯಾನ್ಸರ್ ಅಲ್ಲಿಗೆ ಹರಡಿರುವುದು, ಪಿಟ್ಯುಟರಿಯ ಬಳಿ ಹುಟ್ಟುವ ಕ್ರೇನಿಯೋಫ್ಯಾರಿಂಜಿಯೋಮ ಎಂಬ ಬೇರೆ ಬಗೆಯ ಗೆಡ್ಡೆ ಇವುಗಳನ್ನು ಹುಡುಕಬೇಕು. ಹೆರಿಗೆಯ ಆಚೀಚೆ ಗ್ರಂಥಿ ಊದಿದ್ದರೂ ಉರಿಯೂತದ ಗುಮಾನಿ ಮೊದಲು. ರಕ್ತನಾಳವೊಂದು ಬಲೂನಿನಂತೆ ಉಬ್ಬಿ ಗೆಡ್ಡೆಯ ವೇಷದಲ್ಲಿ ಕೂರುವುದೂ ಉಂಟು. ಅದನ್ನು ಗುರುತಿಸದೆ ಮೂಗಿನ ಮೂಲಕ ಹೋದ ಶಸ್ತ್ರವೈದ್ಯರ ಸ್ಥಿತಿ ಶತ್ರುವಿಗೂ ಬೇಡ. ಅನುಮಾನವಿದ್ದರೆ ಆಂಜಿಯೋಗ್ರಾಂ ಆಗಲೇಬೇಕು.

ಕೊನೆಗೆ, ಗ್ರಂಥಿಯಲ್ಲಿ ಉಳಿದಿರುವ ಕಸುವಿನ ಲೆಕ್ಕ. ಟಿಎಸ್ಎಚ್ ಒಂದನ್ನೇ ನೋಡಿ ಥೈರಾಯ್ಡ್ ಸರಿಯಿದೆ ಎನ್ನುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಟಿಎಸ್ಎಚ್ ಮಾಡುವ ಗ್ರಂಥಿಯೇ ಸೊರಗಿದಾಗ ಆ ಸಂಖ್ಯೆ ಸಹಜವಾಗಿಯೇ ಕಾಣುತ್ತದೆ, ಥೈರಾಯ್ಡ್ ಮಾಡುವ ಹಾರ್ಮೋನಾದ ಫ್ರೀ ಟಿ4 ಮಾತ್ರ ಕುಸಿದಿರುತ್ತದೆ. ಬೆಳಿಗ್ಗೆ 8ರ ಕಾರ್ಟಿಸೋಲ್ ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಖಚಿತವೆಂದೇ ತಿಳಿಯಬೇಕು. ಎರಡೂ ಕಡಿಮೆಯಿದ್ದಾಗ ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಕ್ಸಿನ್. ಈ ಕ್ರಮ ತಿರುವುಮುರುವಾದರೆ ರೋಗಿ ಆಪರೇಷನ್ ಟೇಬಲ್ ಕಾಣುವ ಮೊದಲೇ ರಕ್ತದೊತ್ತಡ ಕುಸಿದು ಕೈತಪ್ಪಬಹುದು. ಈ ಬಹುತೇಕ ಪರೀಕ್ಷೆಗಳಿಗೆ ರಕ್ತವನ್ನು ಶಿರಸಿ, ಕುಮಟಾ, ಕಾರವಾರದಲ್ಲೇ ತೆಗೆದು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಬಹುದು. ಪಯಣಿಸಬೇಕಾದದ್ದು ರಕ್ತದ ಕೊಳವೆಯೇ ಹೊರತು ರೋಗಿಯಲ್ಲ.

ಇದಕ್ಕೆಲ್ಲ ಸಮಯವೇ ಇಲ್ಲದ ಒಂದು ಸಂದರ್ಭವಿದೆ: ಗೆಡ್ಡೆಯೊಳಗೆ ಹಠಾತ್ತನೆ ರಕ್ತಸ್ರಾವವಾಗುವುದು. ಸಿಡಿಲು ಬಡಿದಂಥ ತಲೆನೋವು, ವಾಂತಿ, ರೆಪ್ಪೆ ಜೋತು ಬೀಳುವುದು, ಎರಡೆರಡು ಕಾಣುವುದು, ನೋಟ ಮಸುಕಾಗುವುದು. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಕಾರ್ಟಿಸೋಲ್ ಕೊರತೆಯಿಂದಲೇ ಪ್ರಾಣ ಹೋಗಬಹುದು. ಆಂಬುಲೆನ್ಸ್ ಹೊರಡುವ ಮುನ್ನ ತಾಲ್ಲೂಕು ಆಸ್ಪತ್ರೆಯಲ್ಲೇ 100 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ರಕ್ತನಾಳಕ್ಕೆ ಕೊಟ್ಟು, ಕೊಟ್ಟ ಸಮಯವನ್ನು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆಯಬೇಕು. ಸಾಧ್ಯವಾದರೆ ಕಾರ್ಟಿಸೋಲಿಗೆಂದು ಒಂದು ಕೊಳವೆ ರಕ್ತವನ್ನು ಅದಕ್ಕೂ ಮೊದಲು ತೆಗೆದಿಟ್ಟುಕೊಳ್ಳಲಿ, ಅದರ ಫಲಿತಾಂಶಕ್ಕೆ ಮಾತ್ರ ಕಾಯಬಾರದು.