ಮರುದನಿ ಬಾರದ ಗೋಲಗುಮ್ಮಟ

ಹೋದ ಮೇ ತಿಂಗಳ ಒಂದು ಬೆಳಗಿನ ಜಾವ. ಕನಸಿನಲ್ಲಿ ಗೋಲಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಒಬ್ಬನೇ ನಿಂತಿದ್ದೆ. ಚಪ್ಪಾಳೆ ತಟ್ಟಿದೆ. ಸದ್ದು ಅಲ್ಲೇ ಸತ್ತುಹೋಯಿತು. ಇನ್ನೊಮ್ಮೆ ತಟ್ಟಿದೆ. ಮರುದನಿ ಬರಲಿಲ್ಲ.

ವಿಜಯಪುರದಲ್ಲಿ ಹುಟ್ಟಿ ಬೆಳೆದವರಿಗೆ ಇದು ಆಗಲಾರದ ಮಾತು. ಅಲ್ಲಿ ಒಮ್ಮೆ ತಟ್ಟಿದರೆ ಏಳು ಸಲ ತಿರುಗಿ ಬರುತ್ತದೆ ಅಂತ ಬೆರಳು ಮಡಚಿ ಎಣಿಸುತ್ತ ಬೆಳೆದವರು ನಾವು. ‘ಹಂಗಾದ್ರ ಇದು ಕನಸು’ ಅಂತ ಥಟ್ಟನೆ ಹೊಳೆಯಿತು. ಹೊಳೆದದ್ದೇ ತಡ, ಎಲ್ಲವೂ ತೊಳೆದಿಟ್ಟ ಹಾಗೆ ಕಂಡಿತು. ಗೋಡೆಯ ಗಾರೆ, ಅಂಗಾಲಿಗೆ ಹತ್ತಿದ ಧೂಳು, ಕೈಯಿಟ್ಟ ಕಲ್ಲಿನ ತಣ್ಪು. ಖುಷಿ ತಡೆಯಲಾಗಲಿಲ್ಲ. ಆ ಖುಷಿಗೇ ಎಚ್ಚರವಾಯಿತು. ಮಾಳಿಗೆಯ ಮೇಲೆ, ಹಾಸಿಗೆಯಲ್ಲಿದ್ದೆ. ಪೂರ್ವದ ಕಡೆ ಆಗಷ್ಟೇ ಬೆಳಕು ಹರಿಯುತ್ತಿತ್ತು.

ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂಬ ಅರಿವು ಇರುವುದಕ್ಕೆ ಇಂಗ್ಲಿಷಿನಲ್ಲಿ ಲೂಸಿಡ್ ಡ್ರೀಮ್ ಅನ್ನುತ್ತಾರೆ. ಈ ಹೆಸರನ್ನು ಬಳಕೆಗೆ ತಂದವರು ಫ್ರೆಡೆರಿಕ್ ವಾನ್ ಈಡನ್ ಎಂಬ ಡಚ್ ಮನೋವೈದ್ಯರು, 1913ರಲ್ಲಿ. ನಾನು ಅರಿವಿನ ಕನಸು ಅಂತಲೇ ಕರೆಯುತ್ತೇನೆ. ಇದು ಅಪರೂಪದ ಶಕ್ತಿಯೇನೂ ಅಲ್ಲ. ಐವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲೆಕ್ಕ ಹಾಕಿದಾಗ, ಸುಮಾರು 55 ಶೇಕಡಾ ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಇಂಥ ಕನಸು ಬಿದ್ದಿತ್ತು. ನಿಮಗೂ ಬಿದ್ದಿರಬಹುದು. ಹೆಸರು ಗೊತ್ತಿರಲಿಕ್ಕಿಲ್ಲ, ಅಷ್ಟೇ.

ಆದರೆ ವಿಜ್ಞಾನಿಗಳು ಇದನ್ನು ಬಹಳ ಕಾಲ ನಂಬಲಿಲ್ಲ. ಮಲಗಿದವನಿಗೆ ಅರಿವಿದೆ ಅಂದರೆ ಅವನು ಪೂರ್ತಿ ಮಲಗಿಲ್ಲ, ನಡುವೆ ಒಂದು ಕ್ಷಣ ಎಚ್ಚರವಾಗಿರಬೇಕು ಅನ್ನುತ್ತಿದ್ದರು. ತಪ್ಪು ಅಂತ ಹೇಳುವುದಾದರೂ ಹೇಗೆ? ಕನಸಿನ ಒಳಗಿನಿಂದ ಸಾಕ್ಷಿ ತರುವವರು ಯಾರು?

ದಾರಿ ಸಿಕ್ಕಿದ್ದು ಕಣ್ಣಿನಿಂದ. 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್ಮನ್, ನಿದ್ದೆಯ ಒಂದು ಹಂತದಲ್ಲಿ ಮುಚ್ಚಿದ ರೆಪ್ಪೆಯ ಒಳಗೆ ಕಣ್ಣುಗುಡ್ಡೆ ಸರಸರನೆ ಓಡಾಡುವುದನ್ನು ವರದಿ ಮಾಡಿದ್ದರು. ಈ ಹಂತಕ್ಕೆ ರೆಮ್ ನಿದ್ದೆ ಎಂಬ ಹೆಸರು ಬಂತು; ರೆಮ್ ಅಂದರೆ ‘ರ್‍ಯಾಪಿಡ್ ಐ ಮೂವ್‌ಮೆಂಟ್’, ಕಣ್ಣಿನ ಚುರುಕು ಓಡಾಟ. ಕಥೆಯಂಥ ಕನಸುಗಳು ಹೆಚ್ಚಾಗಿ ಬೀಳುವುದು ಇದರಲ್ಲೇ. ಆಗ ಮಿದುಳು ಕೈಕಾಲಿನ ಸ್ನಾಯುಗಳನ್ನು ಸಡಿಲ ಬಿಟ್ಟು, ಅಲುಗದ ಹಾಗೆ ಕಟ್ಟಿಹಾಕಿರುತ್ತದೆ. ಹಾಗೆ ಮಾಡದಿದ್ದರೆ ಕನಸಿನಲ್ಲಿ ಓಡುವವನು ಹಾಸಿಗೆ ಬಿಟ್ಟು ಓಡಿಬಿಡುತ್ತಿದ್ದ. ಆದರೆ ಉಸಿರಾಟಕ್ಕೆ ಬೇಕಾದ ವಪೆಗೆ ಮತ್ತು ಕಣ್ಣಿನ ಸ್ನಾಯುಗಳಿಗೆ ಈ ಕಟ್ಟು ಇಲ್ಲ.

ಹಾಗಾದರೆ ಕನಸಿನಲ್ಲಿ ಅರಿವಿರುವವನು ಬೇಕೆಂದೇ ಕಣ್ಣು ಹೊರಳಿಸಿದರೆ? ಹೊರಗಿರುವ ಯಂತ್ರದಲ್ಲಿ ಅದು ದಾಖಲಾಗಬೇಕಲ್ವಾ? ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಇದನ್ನೇ ಮಾಡಿ ನೋಡಿದರು. 1975ರ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಅರಿವಿನ ಕನಸು ಪದೇ ಪದೇ ಬೀಳುತ್ತಿದ್ದ ಅಲನ್ ವರ್ಸ್ಲಿ ಎಂಬವರು ಹರ್ನ್ ಅವರ ಪ್ರಯೋಗಾಲಯದಲ್ಲಿ ಮಲಗಿದ್ದರು. ಕಾಗದದ ಮೇಲೆ ಗೆರೆಗಳು ಓಡುತ್ತಿದ್ದವು. ರೆಮ್ ನಿದ್ದೆಯ ಅಡ್ಡಾದಿಡ್ಡಿ ಗೆರೆಗಳ ನಡುವೆ ಒಮ್ಮೆಲೇ ಅಚ್ಚುಕಟ್ಟಾದ ಅಲೆಗಳು ಬಂದವು. ಎಡ, ಬಲ, ಎಡ, ಬಲ. ಮಲಗುವ ಮುಂಚೆ ಇಬ್ಬರೂ ಮಾತಾಡಿಕೊಂಡಿದ್ದ ಸನ್ನೆ ಅದೇ. ಮನುಷ್ಯನೊಬ್ಬ ಕನಸಿನ ಒಳಗಿಂದ ಹೊರಗಿನವರಿಗೆ ‘ನಾನು ಇಲ್ಲಿದ್ದೇನೆ’ ಅಂತ ಹೇಳಿದ್ದ. ಇದನ್ನು ಮೊದಲ ಸಲ ಓದಿದಾಗ ನನ್ನ ಮೈ ಜುಮ್ಮೆಂದಿತು. ಈಗಲೂ ಹಾಗೇ ಅನಿಸುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಇದೇ ಕೆಲಸವನ್ನು ತಾವೇ ಬೇರೆಯಾಗಿ ಮಾಡಿ 1981ರಲ್ಲಿ ಪ್ರಕಟಿಸಿದರು. ಅನುಮಾನಗಳು ಕಡಿಮೆಯಾದದ್ದು ಆಮೇಲೆ.

2021ರಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಮೆರಿಕ, ಫ್ರಾನ್ಸ್, ಜರ್ಮನಿ ಮತ್ತು ನೆದರ್ಲೆಂಡ್ಸ್‌ನ ನಾಲ್ಕು ತಂಡಗಳು ಸೇರಿ 36 ಜನರ ಮೇಲೆ ಪ್ರಯೋಗ ಮಾಡಿದವು. ಕನಸಿನಲ್ಲಿ ಇರುವವರಿಗೆ ಹೊರಗಿನಿಂದ ಪ್ರಶ್ನೆ ಕೇಳಿದರು. ಎಂಟರಲ್ಲಿ ಆರು ಕಳೆದರೆ ಎಷ್ಟು? ಮಲಗಿದ್ದವನು ಕಣ್ಣನ್ನು ಎರಡು ಸಲ ಎಡಬಲ ಹೊರಳಿಸಿದ. ಕೇಳಿದ ಸಲವೆಲ್ಲ ಉತ್ತರ ಬರಲಿಲ್ಲ. ಒಟ್ಟು 158 ಪ್ರಯತ್ನಗಳಲ್ಲಿ ಸರಿಯುತ್ತರ ಬಂದದ್ದು ಸುಮಾರು 18 ಶೇಕಡಾ. ಆದರೂ ಬಂತು. ಒಬ್ಬರಿಗಂತೂ ಹೊರಗಿನ ಪ್ರಶ್ನೆ ಕನಸಿನ ಕಾರಿನ ರೇಡಿಯೋದಿಂದ ಬಂದ ಹಾಗೆ ಕೇಳಿಸಿತ್ತು.

ಇನ್ನು ನಮ್ಮ ಊರಿನ ಮಾತಿಗೆ ಬರೋಣ. ಬೆಳಗಿನ ಜಾವದ ಕನಸು ನಿಜ ಆಗುತ್ತದೆ ಅಂತ ಹಿರಿಯರು ಹೇಳುತ್ತಾರೆ. ನಿಜ ಆಗುವುದು ಬೇರೆ ಮಾತು. ಆದರೆ ಆ ಹೊತ್ತಿನಲ್ಲಿ ಕನಸು ಜಾಸ್ತಿ ಎಂಬುದನ್ನು ಅವರು ಸರಿಯಾಗಿಯೇ ಗಮನಿಸಿದ್ದರು. ನಿದ್ದೆ ಸುಮಾರು ಒಂದೂವರೆ ತಾಸಿಗೊಂದು ಸುತ್ತು ಹಾಕುತ್ತದೆ. ಮೊದಲ ಸುತ್ತಿನಲ್ಲಿ ರೆಮ್ ಕೆಲವೇ ನಿಮಿಷ. ಬೆಳಗಾಗುತ್ತ ಬಂದ ಹಾಗೆ ಅದು ಅರ್ಧ ತಾಸು, ಒಮ್ಮೊಮ್ಮೆ ಅದಕ್ಕಿಂತ ಜಾಸ್ತಿ ಹೊತ್ತು ಇರುತ್ತದೆ. ಅದರಿಂದ ನೇರವಾಗಿ ಎದ್ದರೆ ಕನಸು ನೆನಪಿನಲ್ಲೂ ಉಳಿಯುತ್ತದೆ.

ಬೇಸಿಗೆಯಲ್ಲಿ ನಮ್ಮ ಕಡೆ ಮಾಳಿಗೆ ಮೇಲೆ ಮಲಗುವ ರೂಢಿ. ನಾಲ್ಕೂವರೆ ಐದಕ್ಕೆ ತಂಪು ಗಾಳಿ ಬಿಡುತ್ತದೆ. ಎಲ್ಲೋ ಆಜಾನ್, ಎಲ್ಲೋ ಗುಡಿಯ ಹಾಡು. ಒಮ್ಮೆ ಎಚ್ಚರವಾಗಿ, ಚಾದರ ಎಳೆದುಕೊಂಡು ಮತ್ತೆ ಮಲಗುತ್ತೇವೆ. ಅರಿವಿನ ಕನಸಿಗೆ ಸಂಶೋಧಕರು ಹೇಳುವ ಉಪಾಯವೂ ಹೆಚ್ಚುಕಡಿಮೆ ಇದೇ. ಐದು ತಾಸು ನಿದ್ದೆ ಮಾಡಿ, ಎದ್ದು, ಸ್ವಲ್ಪ ಹೊತ್ತು ಎಚ್ಚರವಿದ್ದು, ಮತ್ತೆ ಮಲಗಬೇಕು. ಮಲಗುವಾಗ ಆಗಷ್ಟೇ ಕಂಡ ಕನಸನ್ನು ನೆನಪು ಮಾಡಿಕೊಳ್ಳಬೇಕು. ಅದರಲ್ಲಿ ವಿಚಿತ್ರವಾಗಿದ್ದ ಒಂದು ಸಂಗತಿ ಆರಿಸಬೇಕು. ಆ ಜಾಗದಲ್ಲಿ ‘ಇದು ಕನಸು’ ಅಂತ ತನಗೆ ಹೊಳೆಯುವುದನ್ನು ಕಲ್ಪಿಸಿಕೊಳ್ಳಬೇಕು. ‘ಮುಂದಿನ ಸಲ ಕನಸು ಕಾಣುವಾಗ ಅದು ಕನಸು ಅಂತ ನೆನಪಿಡುತ್ತೇನೆ’ ಎಂದು ಮನಸ್ಸಿಟ್ಟು ಹೇಳಿಕೊಳ್ಳುತ್ತ ನಿದ್ದೆಗೆ ಜಾರಬೇಕು. ಲಾಬರ್ಜ್ ರೂಪಿಸಿದ ವಿಧಾನ ಇದು. ತಲೆದಿಂಬಿನ ಹತ್ತಿರ ಒಂದು ವಹಿ, ಒಂದು ಪೆನ್ನು ಇರಲಿ. ಎದ್ದ ಕೂಡಲೇ ಹೊರಳಾಡದೆ, ಮೊಬೈಲ್ ಮುಟ್ಟದೆ ಕನಸು ಬರೆದಿಡಿ. ಎರಡೇ ವಾರದಲ್ಲಿ ನೆನಪು ಎಷ್ಟು ಹೆಚ್ಚುತ್ತದೆ ನೋಡಿ.

ಎಲ್ಲರೂ ಹೇಳುವ ಇನ್ನೊಂದು ಅಭ್ಯಾಸ ಇದೆ. ಹಗಲಿನಲ್ಲಿ ಆಗಾಗ ‘ಇದು ಕನಸೋ, ನಿಜವೋ?’ ಎಂದು ಕೇಳಿಕೊಳ್ಳುವುದು. ಕೇಳಿ ಪರೀಕ್ಷೆ ಮಾಡುವುದು. ಬಸ್ಸಿನ ಬೋರ್ಡು ಓದಿ, ಬೇರೆ ಕಡೆ ನೋಡಿ, ಮತ್ತೆ ಓದಿ. ಎಚ್ಚರದಲ್ಲಿ ‘ಇಂಡಿ’ ಇದ್ದದ್ದು ‘ಇಂಡಿ’ಯೇ ಇರುತ್ತದೆ. ಕನಸಿನಲ್ಲಿ ಅದು ‘ಸಿಂದಗಿ’ ಆಗಿಬಿಡಬಹುದು. ಮೂಗು ಹಿಡಿದು ಉಸಿರು ಎಳೆದು ನೋಡಿ. ಕನಸಿನಲ್ಲಿ ಮೂಗು ಹಿಡಿದರೂ ಉಸಿರು ಬರುತ್ತದೆ, ಏಕೆಂದರೆ ಹಾಸಿಗೆಯಲ್ಲಿರುವ ನಿಜವಾದ ಮೂಗನ್ನು ಯಾರೂ ಹಿಡಿದಿಲ್ಲ.

ನಾನು ಗಾಂಧಿ ಚೌಕ ದಾಟುವಾಗೆಲ್ಲ ಕೇಳಿಕೊಳ್ಳಬೇಕು ಅಂತ ನೇಮ ಮಾಡಿಕೊಂಡೆ. ಮೂರು ವಾರ ಬಿಡದೆ ಕೇಳಿದೆ. ಒಂದು ರಾತ್ರಿ ಕನಸಿನಲ್ಲೂ ಗಾಂಧಿ ಚೌಕ ಬಂತು. ಚೌಕದ ನಟ್ಟನಡುವೆ ಒಂದು ರೈಲು ನಿಂತಿತ್ತು. ‘ಇದು ಕನಸೋ?’ ಅಂತ ಕೇಳಿಕೊಂಡೆ. ‘ಅಲ್ಲ’ ಅಂದುಕೊಂಡೆ. ರೈಲಿಗೆ ಸುತ್ತು ಹಾಕಿ ಕಾಯಿಪಲ್ಲೆ ತರಲಿಕ್ಕೆ ಹೋದೆ.

ಬೆಳಿಗ್ಗೆ ವಹಿಯಲ್ಲಿ ಇದನ್ನು ಬರೆಯುವಾಗ ಅರ್ಥವಾಯಿತು. ಹಗಲಿನಲ್ಲಿ ನಾನು ಕೇಳುತ್ತಲೇ ಇರಲಿಲ್ಲ. ಉತ್ತರ ಗೊತ್ತಿದ್ದ ಪ್ರಶ್ನೆಯನ್ನು ಸುಮ್ನೆ ಬಾಯಿಪಾಠದಂತೆ ಹೇಳುತ್ತಿದ್ದೆ. ಕನಸಿನಲ್ಲಿ ಆದದ್ದೂ ಅದೇ ಬಾಯಿಪಾಠ. ಆಸ್ಟ್ರೇಲಿಯಾದ ಡೆನ್‌ಹೋಮ್ ಆಸ್ಪಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹಗಲಿನ ಪ್ರಶ್ನೆಯೊಂದನ್ನೇ ನೆಚ್ಚಿಕೊಂಡವರಿಗೆ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಅದರ ಜೊತೆಗೆ ಬೆಳಗಿನ ಜಾವ ಎದ್ದು ಮಲಗುವುದು, ಮನಸ್ಸಿಟ್ಟು ಹೇಳಿಕೊಳ್ಳುವುದು ಮೂರೂ ಸೇರಿದಾಗ ಅಭ್ಯಾಸ ಮಾಡಿದ ವಾರದ ಸುಮಾರು 17 ಶೇಕಡಾ ರಾತ್ರಿಗಳಲ್ಲಿ ಅರಿವಿನ ಕನಸು ಬಿತ್ತು.

ಗುಳೇದಗುಡ್ಡದಲ್ಲಿ ನಮ್ಮ ದೊಡ್ಡವ್ವ ಖಣ ನೇಯುತ್ತಿದ್ದಳು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಲಾಳಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಕಾಲು ಹಲಗೆ ತುಳಿಯುತ್ತಿತ್ತು. ಬಾಯಿ ನನ್ನ ಜೊತೆ ಮಾತಾಡುತ್ತಿತ್ತು. ಒಂದು ಎಳೆ ಹರಿದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ನನ್ನ ಕಣ್ಣಿಗೆ ಆ ಎಳೆ ಕಾಣುತ್ತಲೇ ಇರಲಿಲ್ಲ. ‘ದೊಡ್ಡವ್ವಾ, ನಿನಗ ಹೆಂಗ ಗೊತ್ತಾತು?’ ಅಂದರೆ, ‘ಕೈ ತಮ್ಮ ಪಾಡಿಗೆ ನಡೀತಾವಪಾ. ಖಬರ್ ಮಾತ್ರ ಎಳೀ ಮ್ಯಾಲೆ ಇರಬೇಕು’ ಅನ್ನುತ್ತಿದ್ದಳು.

ಖಬರ್. ಈ ವಿಷಯಕ್ಕೆ ನಮ್ಮ ಕಡೆ ಇದಕ್ಕಿಂತ ಒಳ್ಳೆಯ ಮಾತಿಲ್ಲ. ಗಾಢವಾಗಿ ಮಲಗಿದವನನ್ನು ‘ಖಬರ್ ಇಲ್ದಂಗ ಮಲಗ್ಯಾನ’ ಅನ್ನುತ್ತೇವೆ. ಎದ್ದು ಓಡಾಡುತ್ತಿರುವವನಿಗೂ ‘ನಿನಗೇನು ಖಬರ್ ಐತೋ ಇಲ್ಲೋ’ ಅಂತ ಬೈಯುತ್ತೇವೆ. ಮಲಗಿದ್ದು, ಎದ್ದದ್ದು ಎರಡಕ್ಕೂ ಒಂದೇ ಮಾತು. 2010ರಲ್ಲಿ ಹಾರ್ವರ್ಡ್‌ನ ಇಬ್ಬರು ಸಂಶೋಧಕರು 2,250 ಜನರಿಗೆ ಫೋನಿನ ಮೂಲಕ ದಿನದ ಯಾವಯಾವುದೋ ಹೊತ್ತಿನಲ್ಲಿ ‘ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ?’ ಎಂದು ಕೇಳಿದರು. ಸುಮಾರು 47 ಶೇಕಡಾ ಸಲ ಮನಸ್ಸು ಬೇರೆಲ್ಲೋ ಇತ್ತು. ಹಗಲಿನ ಅರ್ಧವೇ ಹೀಗೆ ಕಳೆದರೆ, ರಾತ್ರಿಯ ಕನಸಿನಲ್ಲಿ ಚೌಕದ ರೈಲು ವಿಚಿತ್ರ ಅನಿಸುವುದು ಹೇಗೆ?

ಮಿದುಳಿನ ಕಡೆಯಿಂದ ನೋಡಿದರೂ ಎಳೆ ಇಲ್ಲಿಗೇ ಬಂದು ಸೇರುತ್ತದೆ. ರೆಮ್ ನಿದ್ದೆಯಲ್ಲಿ ಹಣೆಯ ಹಿಂದಿನ ಕೆಲವು ಭಾಗಗಳು ಮಂಕಾಗಿರುತ್ತವೆ. ‘ಇದು ಸರಿಯಾ?’ ಅಂತ ತೂಗಿ ನೋಡುವ ಕೆಲಸ ಅವುಗಳದು. ಅದಕ್ಕೇ ಕನಸಿನಲ್ಲಿ ತೀರಿಕೊಂಡ ಅಜ್ಜ ಚಹಾ ಕುಡಿಯುತ್ತ ಕೂತಿದ್ದರೂ ನಮಗೆ ಆಶ್ಚರ್ಯವಾಗುವುದಿಲ್ಲ. ಅರಿವಿನ ಕನಸಿನಲ್ಲಿ ಆ ಭಾಗಗಳ ಚಟುವಟಿಕೆ ಹೆಚ್ಚುವುದನ್ನು ಕೆಲವು ಪ್ರಯೋಗಗಳು ಕಂಡಿವೆ. ತನ್ನ ಯೋಚನೆಯನ್ನು ತಾನೇ ಗಮನಿಸುವಾಗ, ಹಗಲಿನಲ್ಲೂ, ಕೆಲಸ ಮಾಡುವುದು ಹೆಚ್ಚುಕಡಿಮೆ ಇದೇ ಭಾಗ. ಅಮೆರಿಕದ ಬೆಂಜಮಿನ್ ಬೇರ್ಡ್ ಮತ್ತು ಜೊತೆಗಾರರು 2019ರಲ್ಲಿ ವರದಿ ಮಾಡಿದ ಪ್ರಕಾರ, ವರ್ಷಗಟ್ಟಲೆ ಧ್ಯಾನ ಮಾಡಿದವರಿಗೆ ಅರಿವಿನ ಕನಸು ಉಳಿದವರಿಗಿಂತ ಜಾಸ್ತಿ. ಆದರೆ ಎಂಟು ವಾರದ ಧ್ಯಾನ ತರಬೇತಿ ಪಡೆದವರಲ್ಲಿ ಅದು ಹೆಚ್ಚಲಿಲ್ಲ. ಅವಸರ ಮಾಡುವವರು ಈ ಎರಡನೇ ಮಾತನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಆಮೇಲೆ ನನ್ನ ಪ್ರಶ್ನೆ ಬದಲಾಯಿಸಿದೆ. ‘ಇಲ್ಲಿಗೆ ಹೇಗೆ ಬಂದೆ?’ ಎಚ್ಚರದಲ್ಲಿ ಇದಕ್ಕೆ ಉತ್ತರ ಇರುತ್ತದೆ. ಮನೆ ಬಿಟ್ಟದ್ದು, ಚಪ್ಪಲಿ ಮೆಟ್ಟಿದ್ದು, ತಿರುವಿನಲ್ಲಿ ಒಬ್ಬರು ಮಾತಾಡಿಸಿದ್ದು. ಕನಸಿನಲ್ಲಿ ನಾವು ಎಲ್ಲೋ ಇರುತ್ತೇವೆ, ಬಂದ ದಾರಿಯೇ ಇರುವುದಿಲ್ಲ. ಈ ಪ್ರಶ್ನೆಯನ್ನು ಬಾಯಿಪಾಠ ಮಾಡಲಿಕ್ಕೆ ಆಗುವುದಿಲ್ಲ, ಪ್ರತಿಸಲವೂ ಹಿಂದಕ್ಕೆ ನೋಡಲೇಬೇಕು. ದಿನಕ್ಕೆ ನಾಲ್ಕೈದು ಸಲ ಸಾಕು. ಮೇ ತಿಂಗಳ ಆ ಕನಸು ಬಿದ್ದದ್ದು ಇದಾದ ಮೇಲೆ.

ಕನಸಿನಲ್ಲಿ ಅರಿವು ಬಂದಾಗ ಖುಷಿಗೆ ಎಚ್ಚರವಾಗುವುದು ಬಹಳ ಜನರ ಅನುಭವ. ಆಗ ಕನಸಿನ ಎರಡು ಅಂಗೈಗಳನ್ನು ಒಂದಕ್ಕೊಂದು ತಿಕ್ಕಿ, ಅದರ ಮೇಲೆ ಗಮನ ಇಡಿ. ಕನಸು ಇನ್ನಷ್ಟು ಹೊತ್ತು ನಿಲ್ಲಬಹುದು. ಕೆಲವರಿಗೆ ಎಚ್ಚರವಾದರೂ ಮೈ ಅಲುಗಾಡದೆ, ಎದೆಯ ಮೇಲೆ ಯಾರೋ ಕೂತ ಹಾಗೆ ಆಗುತ್ತದೆ. ಅದು ದೆವ್ವ ಅಲ್ಲ. ಸ್ನಾಯುಗಳ ಕಟ್ಟು ಬಿಚ್ಚುವುದು ತುಸು ತಡವಾಗಿರುತ್ತದೆ, ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ. ದಿನವೂ ನಿದ್ದೆ ಒಡೆದುಕೊಂಡು ಈ ಅಭ್ಯಾಸ ಮಾಡಬೇಡಿ. ರಾತ್ರಿ ಪಾಳಿಯವರು, ಗಾಡಿ ಓಡಿಸುವವರು ಬೆಳಗಿನ ನಿದ್ದೆಯನ್ನು ಮುಟ್ಟಲೇಬಾರದು. ಇಲ್ಲದ ದನಿ ಕೇಳುವ, ಇಲ್ಲದ್ದು ಕಾಣುವ ಕಾಯಿಲೆ ಇದ್ದವರಿಗೆ ‘ಇದು ಕನಸೋ ನಿಜವೋ’ ಎಂಬ ಪ್ರಶ್ನೆಯೇ ಭಾರವಾಗಬಹುದು. ಅಂಥವರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು.

ಜೂನ್‌ನಲ್ಲಿ ಒಂದು ದಿನ ಬೆಳಿಗ್ಗೆ ಬೇಗ ನಿಜವಾದ ಗೋಲಗುಮ್ಮಟಕ್ಕೆ ಹೋದೆ. ಶಾಲೆ ಮಕ್ಕಳು ಬರುವ ಮುಂಚೆ ಹೋದರೆ ಅಲ್ಲಿ ಸದ್ದಿರುವುದಿಲ್ಲ. ಮೂಲೆಯ ಮಿನಾರಿನೊಳಗಿನ ಇಕ್ಕಟ್ಟಾದ ಮೆಟ್ಟಿಲು ಹತ್ತುವಾಗ ‘ಇಲ್ಲಿಗೆ ಹೇಗೆ ಬಂದೆ’ ಅಂತ ಕೇಳಿಕೊಂಡೆ. ಆಟೋದವರ ಜೊತೆ ಆಡಿದ ಮಾತು, ಗೇಟಿನ ಹತ್ತಿರದ ಬೇವಿನ ವಾಸನೆ, ಎಲ್ಲ ಸಾಲಾಗಿ ನೆನಪಾದವು. ಗ್ಯಾಲರಿಗೆ ಬಂದು ಚಪ್ಪಾಳೆ ತಟ್ಟಿದೆ. ಒಂದು, ಎರಡು, ಮೂರು. ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ ಸದ್ದು. ಒಂದೊಂದು ಮರುದನಿಯೂ ಹಿಂದಿನದಕ್ಕಿಂತ ಸ್ವಲ್ಪ ಮೆತ್ತಗಾಗಿ, ಸ್ವಲ್ಪ ಕೆಳದನಿಯಲ್ಲಿ ಬರುತ್ತದೆ ಅಂತ ಅವತ್ತೇ ಗಮನಿಸಿದ್ದು. ಏಳನೆಯದು ಎಲ್ಲಿ ಮುಗಿಯಿತು ಅಂತ ಗೊತ್ತಾಗಲಿಲ್ಲ. ಇನ್ನೊಮ್ಮೆ ತಟ್ಟಿದೆ.